ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಪುಟವೇ ಮತ್ತೆ ಮತ್ತೆ ಬರುವುದೇಕೆ?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮೊಬೈಲಿನಲ್ಲಿ ಅದೇ ಐಡಿ, ಅದೇ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಲಾಗಿನ್ ಒತ್ತಿದರೆ ಒಂದು ಸುತ್ತು ತಿರುಗಿ ಮತ್ತೆ ಲಾಗಿನ್ ಪುಟವೇ ಬಂದು ನಿಲ್ಲುತ್ತದೆ ಎಂದಿದ್ದೀರಿ. ಕುಕಿ, ಕ್ಯಾಶ್ ಎಲ್ಲ ಅಳಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ, ಅಳಿಸಿದರೆ ಉಳಿದದ್ದೂ ಹೋದೀತೆಂಬ ಭಯ ಎಂದೂ ಬರೆದಿದ್ದೀರಿ. ಭಯ ಸರಿಯಾದದ್ದೇ. ಸದ್ಯಕ್ಕೆ ಏನನ್ನೂ ಅಳಿಸಬೇಡಿ.

ನಾನು ಗಂಗಾವತಿಯಲ್ಲಿ ಒಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಅರ್ಜಿ ಹಾಕುವುದು, ಪಹಣಿ ತೆಗೆಯುವುದು, ಝೆರಾಕ್ಸು, ಇವೇ ನನ್ನ ಕೆಲಸ. ದಿನಕ್ಕೆ ಒಬ್ಬರಾದರೂ ಬಂದು "ಅಣ್ಣಾರ, ಒತ್ತಿದ್ರ ಮತ್ತ ಅದ ಬರಾಕತ್ತೈತಿ ನೋಡ್ರಿ" ಅನ್ನುತ್ತಾರೆ. ಅವರಿಗೆ ನಾನು ಕೇಳುವ ಮೊದಲ ಪ್ರಶ್ನೆಯನ್ನೇ ನಿಮಗೂ ಕೇಳುತ್ತೇನೆ: ಮತ್ತೆ ಬಂದ ಪುಟದಲ್ಲಿ ಕೆಂಪಕ್ಷರದಲ್ಲಿ ಏನಾದರೂ ಬರೆದಿದೆಯಾ? ಪಾಸ್‌ವರ್ಡ್ ತಪ್ಪು, ಕ್ಯಾಪ್ಚಾ ತಪ್ಪು ಎಂದೇನಾದರೂ ಇದ್ದರೆ ಗೋಳು ಬೇರೆ. ಏನೂ ಹೇಳದೆ ಪುಟ ಸುಮ್ಮನೆ ವಾಪಸ್ ಬಂದಿದ್ದರೆ, ಬಹುತೇಕ ಪಾಸ್‌ವರ್ಡನ್ನು ಆ ಕಡೆಯವರು ಒಪ್ಪಿಯಾಗಿದೆ. ಒಪ್ಪಿದ ಮೇಲೆ ಕೊಟ್ಟ ಚೀಟಿಯನ್ನು ನಿಮ್ಮ ಬ್ರೌಸರ್ ಕಳೆದುಕೊಳ್ಳುತ್ತಿದೆ.

ಚೀಟಿ ಎಂದೆ. ನಮ್ಮೂರ ಕಡೆ ಭತ್ತದ ಸುಗ್ಗಿಯಲ್ಲಿ ರೈಸ್ ಮಿಲ್ಲಿನ ಮುಂದೆ ಲಾರಿಗಳು ಸಾಲುಗಟ್ಟಿರುತ್ತವೆ. ಲೋಡ್ ಸಮೇತ ಒಮ್ಮೆ ತೂಕ ಆಗುತ್ತದೆ, ಡ್ರೈವರ್ ಕೈಗೊಂದು ಚೀಟಿ ಬರುತ್ತದೆ. ಭತ್ತ ಇಳಿಸಿ ಖಾಲಿ ಲಾರಿ ತೂಗಿಸಲು ಬಂದಾಗ ಆ ಚೀಟಿ ತೋರಿಸಬೇಕು. ಸಾಲಿನಲ್ಲಿ ಅಷ್ಟು ಲಾರಿ ಇರುವಾಗ ಡ್ರೈವರ್ ಮುಖ ನೋಡಿ ಯಾರೂ ಲೆಕ್ಕ ಹಾಕುವುದಿಲ್ಲ. ವೆಬ್‌ಸೈಟಿನ ಸರ್ವರೂ (ಪುಟಗಳನ್ನು ಕಳಿಸುವ ಆ ಕಡೆಯ ಕಂಪ್ಯೂಟರ್) ಹಾಗೇ. ಒಂದು ಪುಟ ಕೊಟ್ಟ ಮರುಕ್ಷಣ ನಿಮ್ಮನ್ನು ಮರೆತುಬಿಡುತ್ತದೆ, ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ಎಚ್‌ಟಿಟಿಪಿ ಎಂಬ ವ್ಯವಸ್ಥೆಯನ್ನು ಕಟ್ಟಿರುವುದೇ ಹಾಗೆ. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ ಕಂಡುಕೊಂಡ ಮದ್ದೇ ಕುಕಿ. ಪಾಸ್‌ವರ್ಡ್ ಸರಿ ಇದ್ದರೆ ಸರ್ವರ್ ಉದ್ದನೆಯ ಒಂದು ಗುರುತಿನ ಅಕ್ಷರಮಾಲೆ ಕೊಡುತ್ತದೆ. ಬ್ರೌಸರ್ ಅದನ್ನು ಜೋಪಾನ ಮಾಡಿ, ಮುಂದಿನ ಪ್ರತಿ ಪುಟ ಕೇಳುವಾಗಲೂ ತೋರಿಸುತ್ತದೆ. ತೋರಿಸದಿದ್ದರೆ "ಯಾರಪ್ಪಾ ನೀನು?" ಎಂದು ಮತ್ತೆ ಲಾಗಿನ್ ಪುಟಕ್ಕೇ ಅಟ್ಟುತ್ತಾರೆ. ಕೆಲವು ಸೈಟುಗಳಲ್ಲಿ ಈ ಅಟ್ಟುವ ಆಟ ಎಷ್ಟು ಸಲ ನಡೆಯುತ್ತದೆಂದರೆ, ಬ್ರೌಸರೇ ಬೇಸತ್ತು "ತುಂಬಾ ಸಲ ಮರುನಿರ್ದೇಶನ ಆಯಿತು" ಎಂದು ಕೈಚೆಲ್ಲುತ್ತದೆ.

ಚೀಟಿ ಇಲ್ಲದಿರುವುದು ಒಂದು ತೊಂದರೆಯಾದರೆ, ಹಳೇ ಚೀಟಿ ತೋರಿಸುವುದು ಇನ್ನೊಂದು. ಹೋದ ಸುಗ್ಗಿಯ ಚೀಟಿ ಜೇಬಿನಲ್ಲಿ ಉಳಿದು, ಡ್ರೈವರ್ ಅದನ್ನೇ ತೆಗೆದು ತೋರಿಸಿದಂತೆ. ನಾನು ಕಂಡ ಕೇಸುಗಳಲ್ಲಿ ಇದೇ ಜಾಸ್ತಿ.

ಕ್ಯಾಶ್ ಎನ್ನುವುದು ಇನ್ನೊಂದು ಜಾತಿಯದು. ಸೈಟಿನ ಚಿತ್ರ, ಬಣ್ಣ, ಗುಂಡಿ ಒತ್ತಿದರೆ ಏನಾಗಬೇಕೆಂಬ ಸ್ಕ್ರಿಪ್ಟ್, ಇವನ್ನೆಲ್ಲ ಪ್ರತಿ ಸಲ ಇಳಿಸಿಕೊಳ್ಳುವ ಬದಲು ಬ್ರೌಸರ್ ಒಂದು ನಕಲು ಇಟ್ಟುಕೊಂಡಿರುತ್ತದೆ. ಅಕ್ಕಿ ವ್ಯಾಪಾರಿಯೊಬ್ಬರ ಗುಮಾಸ್ತರಿಗೆ ನಾನೊಮ್ಮೆ ಫೋನಿನಲ್ಲಿ "ಮೊದ್ಲ ಕ್ಯಾಶ್ ಕ್ಲಿಯರ್ ಮಾಡ್ರಿ" ಅಂದೆ. "ಹೋದ ತಿಂಗಳದ್ದೆಲ್ಲಾ ಕೊಟ್ಟೀನಲ್ರೀ, ಇನ್ನ ಏನು ಬಾಕಿ ಐತಿ?" ಅಂತ ಆ ಕಡೆಯಿಂದ ಜೋರು ದನಿ ಬಂತು. ಅವತ್ತಿನಿಂದ ನಾನು "ಹಳೇ ನಕಲು" ಅಂತಲೇ ಹೇಳುವುದು. ಸೈಟಿನವರು ಲಾಗಿನ್ ಸ್ಕ್ರಿಪ್ಟ್ ಬದಲಿಸಿದ್ದಾರೆ, ಕಡತದ ಹೆಸರು ಮಾತ್ರ ಹಳೆಯದೇ ಇಟ್ಟಿದ್ದಾರೆ ಅಂದುಕೊಳ್ಳಿ. ನಿಮ್ಮ ಬ್ರೌಸರ್ ತನ್ನಲ್ಲಿರುವುದೇ ಸಾಕೆಂದು ಹಳೇ ನಕಲನ್ನೇ ಓಡಿಸುತ್ತದೆ. ಆಗ ಗುಂಡಿ ಒತ್ತಿದರೂ ಏನೂ ಆಗದು, ಅಥವಾ ಎಷ್ಟೇ ಸರಿಯಾಗಿ ಬರೆದರೂ ಕ್ಯಾಪ್ಚಾ ತಪ್ಪೆನ್ನುತ್ತದೆ. ಇದು ಸೈಟ್ ಮಾಡಿದವರ ತಪ್ಪು. ಕಡತದ ಹೆಸರಿಗೆ ಒಂದು ಅಂಕಿ ಸೇರಿಸಿ ಬದಲಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಆದರೆ ಕೊನೇ ದಿನಾಂಕದ ಸಂಜೆ ಬೈಗುಳ ತಿನ್ನುವುದು ನಮ್ಮಂಥ ಅಂಗಡಿಯವರು.

ಈಗ ನಿಮ್ಮ ಕಂಪ್ಯೂಟರಿಗೆ ಬರೋಣ. ಕ್ರೋಮ್ ಅಥವಾ ಎಡ್ಜ್ ಇದ್ದರೆ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ, ಫೈರ್‌ಫಾಕ್ಸ್ ಆದರೆ ಎನ್ ಬದಲು ಪಿ. ಗಾಢ ಬಣ್ಣದ ಖಾಸಗಿ ಕಿಟಕಿ ತೆರೆಯುತ್ತದೆ. ಅದಕ್ಕೆ ನಿಮ್ಮ ಹಳೇ ಚೀಟಿಯಾಗಲಿ ಹಳೇ ನಕಲಾಗಲಿ ಕಾಣುವುದಿಲ್ಲ, ಎಕ್ಸ್‌ಟೆನ್ಶನ್‌ಗಳೂ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು) ಸಾಮಾನ್ಯವಾಗಿ ಅಲ್ಲಿ ಓಡುವುದಿಲ್ಲ. ಅಲ್ಲಿ ಲಾಗಿನ್ ಆಯಿತೋ, ದೋಷ ಮಾಮೂಲಿ ಕಿಟಕಿಯಲ್ಲಿ ಕೂಡಿಟ್ಟ ಕಸದ್ದು. ಅಲ್ಲೂ ಆಗಲಿಲ್ಲವೋ, ಅಳಿಸುವುದೆಲ್ಲ ವ್ಯರ್ಥ, ಬೇರೆ ಕಡೆ ಹುಡುಕಬೇಕು. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಎಲ್ಲವನ್ನೂ ಅಳಿಸಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಲಾಗಿನ್ ಆಗಿದ್ದ ಉಳಿದೆಲ್ಲ ಸೈಟುಗಳಿಂದಲೂ ಹೊರಬಿದ್ದು, ಆ ಪಾಸ್‌ವರ್ಡುಗಳೂ ನೆನಪಿಲ್ಲದೆ ತಲೆ ಮೇಲೆ ಕೈ ಹೊತ್ತಿರುತ್ತಾರೆ.

ಖಾಸಗಿ ಕಿಟಕಿಯಲ್ಲಿ ಆಯಿತು ಎಂದಾದರೆ, ಮಾಮೂಲಿ ಕಿಟಕಿಯಲ್ಲಿ ಆ ಲಾಗಿನ್ ಪುಟಕ್ಕೆ ಹೋಗಿ ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ ನೋಡಿ. ಆ ಪುಟದ ಹಳೇ ನಕಲು ಬಿಟ್ಟು ಹೊಸದಾಗಿ ಇಳಿಸಿಕೊಳ್ಳುತ್ತದೆ, ಬೇರೆ ಏನೂ ಹಾಳಾಗುವುದಿಲ್ಲ. ಆಗಲೂ ಬಗ್ಗದಿದ್ದರೆ ಚೀಟಿಗೆ ಕೈ ಹಾಕಿ. ವಿಳಾಸದ ಎಡಕ್ಕೆ ಇರುವ ಸಣ್ಣ ಗುರುತು ಒತ್ತಿದರೆ (ಹಿಂದೆ ಬೀಗ ಇತ್ತು, ಈಗಿನ ಕ್ರೋಮ್‌ನಲ್ಲಿ ಎರಡು ಗೆರೆ, ಎರಡು ಸೊನ್ನೆ) ಕುಕಿ ಮತ್ತು ಸೈಟ್ ಡೇಟಾ ಎಂಬ ಸಾಲು ಸಿಗುತ್ತದೆ. ಒಳಗೆ ಆ ಸೈಟಿನ ಹೆಸರಿನ ಮುಂದೆ ಕಸದಬುಟ್ಟಿ ಇರುತ್ತದೆ. ಅಷ್ಟನ್ನೇ ಅಳಿಸಿ. ಬೇರೆ ಸೈಟುಗಳ ಲಾಗಿನ್ನಿಗೆ ಏನೂ ಆಗದು, ಉಳಿಸಿಟ್ಟ ಪಾಸ್‌ವರ್ಡಿಗೂ ಏನೂ ಆಗದು, ಏಕೆಂದರೆ ಪಾಸ್‌ವರ್ಡ್ ಇರುವ ಪೆಟ್ಟಿಗೆಯೇ ಬೇರೆ. ಮುಂದೆಂದಾದರೂ ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ ದೊಡ್ಡ ಸ್ವಚ್ಛತೆಗೆ ಇಳಿದರೆ, ಪಾಸ್‌ವರ್ಡ್ ಎಂಬ ಸಾಲಿನ ಮುಂದೆ ಟಿಕ್ ಇಲ್ಲದ್ದನ್ನು ನೋಡಿಕೊಂಡೇ ಮುಂದುವರಿಯಿರಿ.

ಅಳಿಸಿದ ಮೇಲೆ ಆ ಸೈಟಿನ ಟ್ಯಾಬುಗಳನ್ನೆಲ್ಲ ಮುಚ್ಚಿ, ಮುಖ್ಯ ವಿಳಾಸ ಕೈಯಾರೆ ಬರೆದು ಒಳಗೆ ಹೋಗಿ. ಬುಕ್‌ಮಾರ್ಕ್ ಒತ್ತಬೇಡಿ. ಎಷ್ಟೋ ಜನ ಮುಖಪುಟದ ಬದಲು ಲಾಗಿನ್ ನಡುವಿನ ಯಾವುದೋ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಂಡಿರುತ್ತಾರೆ. ಆ ವಿಳಾಸದ ಬಾಲದಲ್ಲಿ ಅವತ್ತಿನ ಗುರುತೇ ಅಂಟಿಕೊಂಡಿರುತ್ತದೆ, ಎಷ್ಟು ಕಸ ಗುಡಿಸಿದರೂ ಅದೇ ಹಳೇ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ.

ಒಂದೇ ಸೈಟಿಗೆ ಮನೆಯಲ್ಲಿ ಇಬ್ಬರು ಲಾಗಿನ್ ಆಗುತ್ತೀರಾ? ಹಾಗಿದ್ದರೆ ಇದನ್ನು ಗಮನವಿಟ್ಟು ಓದಿ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನಗಳಲ್ಲಿ ಒಮ್ಮೆ ನಮ್ಮ ಅಂಗಡಿಯ ಹುಡುಗ ಹೊತ್ತು ಉಳಿಸಲೆಂದು ಕಾರಟಗಿಯ ಹುಡುಗಿಯ ಖಾತೆಯನ್ನು ಒಂದು ಟ್ಯಾಬಿನಲ್ಲಿ, ಕನಕಗಿರಿಯ ಹುಡುಗನ ಖಾತೆಯನ್ನು ಪಕ್ಕದ ಟ್ಯಾಬಿನಲ್ಲಿ ತೆರೆದಿದ್ದ. ಮೊದಲ ಟ್ಯಾಬಿಗೆ ವಾಪಸ್ ಬಂದು ಹುಡುಗಿಯ ಅಂಕಪಟ್ಟಿ ಏರಿಸಿ ಸೇವ್ ಒತ್ತಿದ. ಮೇಲೆ ಹುಡುಗಿಯ ಹೆಸರೇ ಕಾಣುತ್ತಿತ್ತು. ಅಂಕಪಟ್ಟಿ ಹೋಗಿ ಕೂತದ್ದು ಹುಡುಗನ ಅರ್ಜಿಯಲ್ಲಿ. ಚೀಟಿ ಟ್ಯಾಬಿಗೊಂದರಂತೆ ಇರುವುದಿಲ್ಲ, ಇಡೀ ಬ್ರೌಸರಿಗೆ ಒಂದೇ. ಎರಡನೆಯವನು ಲಾಗಿನ್ ಆದಾಗಲೇ ಮೊದಲನೆಯವಳ ಚೀಟಿಯ ಜಾಗದಲ್ಲಿ ಅವನದು ಬಂದಿತ್ತು, ಪರದೆ ಮೇಲಿದ್ದದ್ದು ಬರೀ ಹಳೇ ಚಿತ್ರ. ಕೊನೆಯ ಸಬ್ಮಿಟ್ ಆಗಿರಲಿಲ್ಲ, ಹಾಗಾಗಿ ಬಚಾವಾದೆವು. ಹುಡುಗಿಯ ತಾಯಿ ಅಲ್ಲೇ ಕೂತು ನೋಡುತ್ತಿದ್ದರು. "ತಮ್ಮಾ, ನಮ್ಮವ್ವಿ ಮಾರ್ಕ್ಸ್ ಆ ಹುಡುಗಗ ಕೊಟ್ಟ್ಯೇನು?" ಅಂದರು. ನಗುತ್ತಲೇ ಅಂದರು, ನನಗೆ ಮಾತ್ರ ಬೆವರಿಳಿದಿತ್ತು. ಆಮೇಲೆ ಒಬ್ಬರದು ಕ್ರೋಮ್, ಇನ್ನೊಬ್ಬರದು ಫೈರ್‌ಫಾಕ್ಸ್ ಎಂದು ನಿಯಮ ಮಾಡಿದೆ. ಎರಡು ಖಾಸಗಿ ಕಿಟಕಿ ತೆರೆದರೆ ಸಾಕಲ್ಲವೇ ಎಂದು ಹುಡುಗ ಕೇಳಿದ. ಸಾಲದು, ಕ್ರೋಮ್‌ನಲ್ಲಿ ಒಟ್ಟಿಗೆ ತೆರೆದಿರುವ ಖಾಸಗಿ ಕಿಟಕಿಗಳೆಲ್ಲ ಚೀಟಿಯನ್ನು ಹಂಚಿಕೊಳ್ಳುತ್ತವೆ.

ಖಾಸಗಿ ಕಿಟಕಿಯಲ್ಲೂ ಆಗಲಿಲ್ಲ ಅನ್ನಿ. ಆಗ ಸೆಟ್ಟಿಂಗಿನಲ್ಲಿ ಕುಕಿಗಳನ್ನೇ ಪೂರ್ತಿ ತಡೆದಿಟ್ಟಿದ್ದೀರಾ ನೋಡಿ. ಲಾಗಿನ್ ಮಾಡುವ ವಿಳಾಸ ಒಂದು, ಮುಂದೆ ತೆರೆಯುವ ವಿಳಾಸ ಇನ್ನೊಂದು ಆಗಿರುವ ಸೈಟುಗಳಲ್ಲಿ ಮೂರನೆಯವರ ಕುಕಿ (ತೆರೆದಿರುವ ವಿಳಾಸದ್ದಲ್ಲದ ಬೇರೆ ಸೈಟಿನ ಚೀಟಿ) ತಡೆದರೂ ಕೆಲವೊಮ್ಮೆ ಕೆಡುತ್ತದೆ. ಪರದೆಯ ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಆಗ ಸುರಕ್ಷಿತ ಸೈಟುಗಳು ತೆರೆಯಲೇ ಒಪ್ಪುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಇದು ಮಾಮೂಲು. ಬ್ಯಾಟರಿಯ ಮೇಲೆ 2032 ಎಂಬ ಸಂಖ್ಯೆ ಇರುತ್ತದೆ, ಬೆಲೆ ಹೆಚ್ಚೇನಿಲ್ಲ.

ಕೆಂಪಕ್ಷರದಲ್ಲಿ ಪಾಸ್‌ವರ್ಡ್ ತಪ್ಪು ಎಂದೇ ಬರುತ್ತಿದ್ದರೆ ಪೆಟ್ಟಿಗೆಯ ಪಕ್ಕದ ಕಣ್ಣಿನ ಗುರುತು ಒತ್ತಿ, ಏನು ಮೂಡಿದೆ ಓದಿ. ಮೊಬೈಲಿನಲ್ಲಿ ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರಿನ ಬ್ರೌಸರ್ ಹಳೆಯದನ್ನೇ ತುಂಬುತ್ತಿರುವುದು ಬಹಳ. ಒಬ್ಬ ಮೇಷ್ಟ್ರದು ಮಾತ್ರ ಬೇರೆಯೇ ಆಗಿತ್ತು: ಪ್ರಶ್ನೆಪತ್ರಿಕೆ ಟೈಪ್ ಮಾಡಿ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಆಫ್ ಮಾಡುವುದನ್ನು ಮರೆತಿದ್ದರು. ಚುಕ್ಕೆಗಳ ಹಿಂದೆ ಏನೇನೋ ಅಕ್ಷರ ಹೋಗಿ ಕೂರುತ್ತಿದ್ದವು. ಮೂರು ದಿನ ಒದ್ದಾಡಿ ಬಂದಿದ್ದರು ಪಾಪ.

ಮೊದಲು ಖಾಸಗಿ ಕಿಟಕಿಯಲ್ಲಿ ನೋಡಿ, ಏನಾಯಿತೆಂದು ಕೆಳಗೆ ಬರೆಯಿರಿ. ಪರದೆ ಮೇಲೆ ಏನಾದರೂ ಮೂಡಿದರೆ ಅದರ ಸಾರಾಂಶ ಬೇಡ, ಅಕ್ಷರ ಬಿಡದೆ ಇದ್ದದ್ದು ಇದ್ದ ಹಾಗೆ ಹಾಕಿ. ಐಡಿ, ಪಾಸ್‌ವರ್ಡ್ ಮಾತ್ರ ಇಲ್ಲಿ ಹಾಕಬೇಡಿ.