ಮೂಗಿನ ತುದಿಯ ಸಿಟ್ಟು, ರಾತ್ರಿ ಒಂಬತ್ತರ ಪ್ರಾರ್ಥನೆ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಂದು ಕುಟುಂಬದ ಕಥೆ ಇದು. ಗುರುತು ಸಿಗದ ಹಾಗೆ ವಯಸ್ಸು, ಕಸುಬು, ಊರು ಎಲ್ಲ ಬದಲಿಸಿದ್ದೇನೆ. ಬರೆಯೋದಕ್ಕೆ ಮನೆಯ ಮೂವರ ಒಪ್ಪಿಗೆಯೂ ಇದೆ.

ಮೊದಲು ಬಂದವರು ಐವತ್ತರ ಹತ್ತಿರದ ಒಬ್ಬ ತಂದೆ. ಹಾರ್ಡ್‌ವೇರ್ ಅಂಗಡಿ ಇದೆ, ಚರ್ಚಿನ ಸಮಿತಿಯಲ್ಲೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದರಲ್ವಾ, ಆ ಕಡೆಯ ಹಳೇ ಕ್ರೈಸ್ತ ಮನೆತನ. ತಾತನ ಕಾಲದಿಂದ ಒಂದು ದಿನವೂ ರಾತ್ರಿಯ ಕುಟುಂಬ ಪ್ರಾರ್ಥನೆ ತಪ್ಪಿಲ್ಲ ಅಂತ ಹೆಮ್ಮೆಯಿಂದ ಹೇಳಿದರು. ದೂರು ಇದ್ದದ್ದು ಮಗಳ ಮೇಲೆ. "ಪಿಯುಸಿ ಓದ್ತಾಳ್ರಿ ಮೇಡಂ. ಆಕೀಗೆ ದೇವರ ಭಯಾನೇ ಇಲ್ದಂಗ ಆಗೇತಿ. ನೀವರೆ ಒಂದಿಷ್ಟು ಬುದ್ಧಿ ಹೇಳ್ರಿ."

ಮಗಳ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಮೊದಲ ಇಪ್ಪತ್ತು ನಿಮಿಷ ಬರೀ ಮೊಬೈಲ್ ಕವರ್ ತೆಗೆದು ಹಾಕಿ ಮಾಡ್ತಾ ಕೂತಿದ್ದಳು. ಆಮೇಲೆ ಒಂದೇ ಮಾತು ಹೇಳಿದಳು: ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಅವಳು ಎರಡನೇ ಸಾಲಿನಿಂದ ಶುರು ಮಾಡ್ತಾಳಂತೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನೋವಾಗ ಬಾಯಿ ಮಾತ್ರ ಆಡಿಸ್ತಾಳೆ. ಯಾಕೆ ಅಂತ ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ತಾಯಿ ಹೇಳಿದ್ದು ಇನ್ನಷ್ಟು. ಅಂಗಡಿ ಮುಚ್ಚಿ ಎಂಟೂವರೆಗೆ ಮನೆಗೆ ಬಂದವರು ಗಲ್ಲಾದ ಲೆಕ್ಕ ಸರಿ ಹೋಗದಿದ್ದರೆ ಅದೇ ಮುಖದಲ್ಲಿ ಒಂಬತ್ತಕ್ಕೆ ಬೈಬಲ್ ಹಿಡಿದು ಕೂರ್ತಾರೆ, ಹೊಟ್ಟೆಯೂ ಖಾಲಿ, ಮಗಳು ಎರಡು ನಿಮಿಷ ತಡವಾಗಿ ಬಂದರೆ ಕೂಗಾಟ, ಒಮ್ಮೆ ತಟ್ಟೆ ಎಸೆದದ್ದೂ ಉಂಟು. ಅದಕ್ಕಿಂತ ಕೆಟ್ಟದ್ದು ಆಮೇಲಿನ ಪ್ರಾರ್ಥನೆ: "ದೇವರೇ, ಈ ಮನೆಯಲ್ಲಿ ಹಿರಿಯರ ಮಾತು ಕೇಳದವರಿಗೆ ಬುದ್ಧಿ ಕೊಡು." ದೇವರನ್ನು ಮಧ್ಯೆ ಕೂರಿಸಿಕೊಂಡು ಮಗಳನ್ನು ಬೈಯೋದು ಇದು. ಎಷ್ಟೋ ಭಕ್ತಿವಂತ ಮನೆಗಳಲ್ಲಿ ಕಂಡಿದ್ದೇನೆ.

ಕೈ ಎತ್ತುತ್ತಾರಾ ಅಂತ ತಾಯಿ-ಮಗಳನ್ನು ಬೇರೆ ಬೇರೆಯಾಗಿ ಕೇಳಿದೆ. ಇಲ್ಲ ಅಂದರು. ಹೌದು ಅಂದಿದ್ದರೆ ಈ ಪ್ರಕರಣದ ದಾರಿಯೇ ಬೇರೆ ಆಗ್ತಿತ್ತು. "ದೀರ್ಘಶಾಂತಿ ಇರಲಿ ತಾಯಿ, ಸಹಿಸಿಕೋ" ಅಂತ (ದೀರ್ಘಶಾಂತಿ ಅಂದರೆ ಬೈಬಲ್‌ನ ಮಾತಿನಲ್ಲಿ ತಾಳ್ಮೆ) ಪೆಟ್ಟು ತಿಂದ ಹೆಂಡತಿಗೆ ಹೇಳುವವರಿದ್ದಾರೆ, ಅದು ಶುದ್ಧ ತಪ್ಪು. ಅಂಥ ಕಡೆ ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ, ಮಕ್ಕಳಿಗೆ 1098 ಇದೆ. ಮೊದಲು ಸುರಕ್ಷತೆ, ಉಳಿದದ್ದೆಲ್ಲ ಆಮೇಲೆ.

ತಂದೆಗೆ ನಾನು ಬೋಧನೆ ಮಾಡಲು ಹೋಗಲಿಲ್ಲ, ಬೈಬಲ್ ವಚನ ಅವರಿಗೇ ನನಗಿಂತ ಜಾಸ್ತಿ ಗೊತ್ತು. ಬೈಬಲ್‌ನ ವಿಮೋಚನಕಾಂಡ 34ನೇ ಅಧ್ಯಾಯ ತೆಗೆಸಿದೆ. ಅದಕ್ಕೆ ಮುಂಚೆ ಇಸ್ರಾಯೇಲ್ ಜನ ಪೂಜೆಗೆ ಬಂಗಾರದ ಕರು ಮಾಡಿ ಕುಣಿದಿದ್ದಾರೆ, ಅವರ ನಾಯಕ ಮೋಶೆ ಸಿಟ್ಟಿನಲ್ಲಿ ದೇವರ ಆಜ್ಞೆ ಬರೆದ ಕಲ್ಲಿನ ಹಲಗೆ ಒಡೆದು ಹಾಕಿದ್ದಾನೆ. ದೇವರು ತಾನು ಎಂಥವನು ಅಂತ ತಾನೇ ಹೇಳಿಕೊಳ್ಳೋದು ಅದಾದ ಮೇಲೆ: ಕನಿಕರ, ದಯೆ, ದೀರ್ಘಶಾಂತಿ. ಆ ದೀರ್ಘಶಾಂತಿಗೆ ಹೀಬ್ರೂವಿನಲ್ಲಿ ಇರುವ ಮಾತಿನ ನೇರ ಅರ್ಥ "ಮೂಗು ಉದ್ದ" ಅಂತ. ಆ ಭಾಷೆಯಲ್ಲಿ ಮೂಗಿಗೂ ಸಿಟ್ಟಿಗೂ ಒಂದೇ ಪದ. ನಾವೂ ಮೂಗಿನ ತುದಿಯಲ್ಲೇ ಸಿಟ್ಟು ಅಂತೀವಲ್ಲ! ದೇವರ ಮೂಗು ಉದ್ದ, ಸಿಟ್ಟು ತುದಿಗೆ ಬರೋದಕ್ಕೆ ಹೊತ್ತು ಹಿಡಿಯುತ್ತೆ ಅಂತ ನಾನು ಅದನ್ನು ಓದಿಕೊಳ್ತೀನಿ. ಅವರು ನಕ್ಕರು. ಹಾಗಂತ ದೇವರು ತಪ್ಪನ್ನು ತಪ್ಪಲ್ಲ ಅನ್ನೋದಿಲ್ಲ, ಮುಂದಿನ ವಚನ ಅದನ್ನೂ ಹೇಳುತ್ತೆ. ಮಗಳನ್ನು ತಿದ್ದಬೇಡಿ ಅಂತ ನಾನೂ ಹೇಳಲಿಲ್ಲ.

ಆಮೇಲೆ ಅಂಗಡಿಯ ಮಾತು ತೆಗೆದೆ. ಒಂದು ನಲ್ಲಿಗೆ ಅರ್ಧ ತಾಸು ಚೌಕಾಶಿ ಮಾಡಿ ಕೊನೆಗೆ ತಗೊಳ್ಳದೆ ಹೋಗುವ ಗಿರಾಕಿಗೆ ಏನು ಹೇಳ್ತೀರಿ? "ಮತ್ತ ಬರ್ರಿ ಅಂತೀನ್ರಿ." ಅಂದರೆ ತಾಳ್ಮೆ ಇದೆ, ಮನೆಯ ಬಾಗಿಲು ದಾಟುವಾಗ ಹೊರಗೆ ಬಿಡ್ತಾ ಇದ್ದೀರಿ ಅಂದೆ. ಆಗ ಮಾತ್ರ ನಗಲಿಲ್ಲ, ತುಂಬ ಹೊತ್ತು ಸುಮ್ಮನಿದ್ದರು.

ಹೇಳಿದ್ದು ಮೂರೇ. ಮೊದಲು ಊಟ, ಆಮೇಲೆ ಪ್ರಾರ್ಥನೆ. ಇದೇನು ಆತ್ಮಿಕ ಸಲಹೆ ಅಂತ ಅವರಿಗೆ ಅನ್ನಿಸಿತು. ಬೈಬಲ್‌ನಲ್ಲಿ ಸಾಯಬೇಕು ಅಂತ ಮಲಗಿದ್ದ ಪ್ರವಾದಿ ಎಲೀಯನಿಗೆ ದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ತಿಂದು ಮತ್ತೆ ಮಲಗಿದ, ಎದ್ದ ಮೇಲೆ ಮತ್ತೆ ತಿಂದ, ದೇವರ ಜೊತೆ ಮಾತುಕತೆ ಆಮೇಲೆ ಎಷ್ಟೋ ದಿನಕ್ಕೆ, ಅಂತ ನೆನಪಿಸಿದೆ. ಎರಡನೆಯದು, ಪ್ರಾರ್ಥನೆಯಲ್ಲಿ ಮನೆಯವರ ಮೇಲೆ ದೂರು ಬೇಡ, ತಪ್ಪೊಪ್ಪಿಗೆ ಇದ್ದರೆ ತಮ್ಮದನ್ನೇ ಹೇಳಲಿ. ಮೂರನೆಯದೇ ಕಷ್ಟ: ಕೂಗಿದ ದಿನ ಮಗಳ ಹತ್ತಿರ ಕ್ಷಮೆ ಕೇಳಬೇಕು, ಅದರಲ್ಲಿ "ಆದರೆ" ಅನ್ನೋ ಪದ ಬರಬಾರದು. "ನಾನು ಕೂಗಿದ್ದು ತಪ್ಪು, ಆದರೆ ನೀನೂ..." ಅಂದರೆ ಅದು ಇನ್ನೊಂದು ಬೈಗುಳ. ಮಗಳು ತಕ್ಷಣ ಕ್ಷಮಿಸಬೇಕು ಅಂತಲೂ ಇಲ್ಲ. ಮಗಳಿಗೆ ನಾನು ಯಾವ ಬುದ್ಧಿಯನ್ನೂ ಹೇಳಲಿಲ್ಲ. ತಡವಾಗುವ ದಿನ ತಾಯಿಗೆ ಒಂದು ಮೆಸೇಜ್ ಹಾಕು ಅಂದೆ, ಅಷ್ಟೇ.

ನಾಲ್ಕನೇ ಭೇಟಿಗೆ ಮೂವರೂ ಬಂದರು. ಮೊನ್ನೆ ಮೊಬೈಲ್ ವಿಷಯಕ್ಕೆ ಮತ್ತೆ ದನಿ ಏರಿತ್ತಂತೆ. "ಕ್ಷಮಾ ಕೇಳಿದೆ ಮೇಡಂ, ಆದ್ರ 'ಆದರೆ' ಬಂದೇ ಬಿಡ್ತು" ಅಂದರು ತಂದೆ. ಮಗಳು ಕಿಟಕಿ ಕಡೆ ನೋಡ್ತಾ, "ಅರ್ಧಕ್ಕ ನಿಲ್ಲಿಸಿದ್ರು" ಅಂದಳು. ಮೊದಲ ಸಾಲನ್ನು ಈಗ ಹೇಳ್ತಾಳಾ ಅಂತ ನಾನು ಕೇಳಲಿಲ್ಲ. ಮುಂದಿನ ಭೇಟಿ ಮೂರು ವಾರ ಬಿಟ್ಟು.