ಹೊಲಿದಾಯ್ತು, ಇನ್ನು ಮುಗಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ: ಕ್ರಾಸ್ ಸ್ಟಿಚ್ (ಚೌಕ ಎಣಿಸಿ ಹಾಕುವ × ಆಕಾರದ ಕಸೂತಿ) ಚೆನ್ನಾಗಿಯೇ ಬಂತು, ಅದನ್ನು ತೊಳೆದು, ಕತ್ತರಿಸಿ, ಒಂದು ವಸ್ತುವಾಗಿ ಮಾಡಲು ಹೊರಟಾಗ ಕೆಟ್ಟಿತು. ಅಂಗೈಯಗಲದ ಕೆಲಸಕ್ಕೂ ಎಷ್ಟೋ ಸಂಜೆಗಳು ಹಿಡಿದಿರುತ್ತವೆ, ಕೊನೆಯ ಒಂದು ಗಂಟೆಯಲ್ಲಿ ಅದು ಹಾಳಾಗಬಾರದು. ಉತ್ತರಗಳಲ್ಲಿ 14 ಕೌಂಟ್ ಎಂದಿರುವುದು ಇಂಚಿಗೆ 14 ಚೌಕ ಇರುವ ಐಡಾ ಬಟ್ಟೆ. ನಿಮ್ಮದು ಬೇರೆ ಕೌಂಟ್ ಆದರೆ ಹೊಲಿಗೆಗಳ ಸಂಖ್ಯೆಯನ್ನು ಆ ಕೌಂಟಿನಿಂದ ಭಾಗಿಸಿ, ಅಳತೆ ಇಂಚಿನಲ್ಲಿ ಸಿಗುತ್ತದೆ. 28 ಕೌಂಟಿನ ಲಿನನ್ ಮೇಲೆ ಎರಡೆರಡು ಎಳೆ ಹಿಡಿದು ಹೊಲಿದಿದ್ದರೆ ಅದನ್ನೂ 14 ಎಂದೇ ಲೆಕ್ಕ ಹಾಕಿ.

ಪ್ರಶ್ನೆ: ಬಿಳಿ ಬಟ್ಟೆಯ ಮೇಲೆ ಕೆಂಪು ಹೂವು ಹೊಲಿದಿದ್ದೆ. ತೊಳೆದು ಹಿಂಡಿ ಮಡಚಿಟ್ಟೆ. ಈಗ ಹೂವಿನ ಸುತ್ತ ತೆಳು ಗುಲಾಬಿ ಕಲೆ. ಹೋಗುತ್ತದೆಯೇ?

ಇಸ್ತ್ರಿ ಮಾಡಿಲ್ಲವೆಂದರೆ ಹೋಗುವ ಸಾಧ್ಯತೆ ಚೆನ್ನಾಗಿದೆ. ಬಟ್ಟೆ ಒಣಗಿದ್ದರೂ ಪರವಾಗಿಲ್ಲ, ಮತ್ತೆ ನೆನೆಸಿ. ಅಗಲವಾದ ಬೇಸಿನ್ನಿನಲ್ಲಿ ತಣ್ಣೀರು ತುಂಬಿ, ಪಾತ್ರೆ ತೊಳೆಯುವ ದ್ರವ ಸೋಪು ನಾಲ್ಕೈದು ಹನಿ ಹಾಕಿ, ಬಟ್ಟೆಯನ್ನು ಮಡಿಕೆ ಇಲ್ಲದಂತೆ ಹರವಿ ಬಿಡಿ. ನೀರಿಗೆ ಬಣ್ಣ ಬಂದ ತಕ್ಷಣ ಚೆಲ್ಲಿ ಹೊಸ ನೀರು ತುಂಬಿ. ಒಂದೇ ನೀರಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬಿಟ್ಟ ಬಣ್ಣವನ್ನೇ ಬಟ್ಟೆ ಮತ್ತೆ ಕುಡಿಯುತ್ತದೆ. ನೀರು ಪೂರ್ತಿ ತಿಳಿಯಾಗುವವರೆಗೆ ಬದಲಾಯಿಸುತ್ತಲೇ ಇರಬೇಕು, ಹತ್ತು ಸಲವಾದರೂ ಸರಿ. ಬ್ಲೀಚ್ ಬೇಡ, ಕಲೆಯ ಜೊತೆಗೆ ಹೂವಿನ ಬಣ್ಣವೂ ಹೋಗುತ್ತದೆ.

ಹಾಳು ಮಾಡಿದ್ದು ತೊಳೆದದ್ದಲ್ಲ, ಹಿಂಡಿ ಮಡಚಿಟ್ಟದ್ದು. ಗಾಢ ಕೆಂಪು, ಕಡುನೀಲಿ, ಕಪ್ಪು ದಾರಗಳಲ್ಲಿ ಹೆಚ್ಚುವರಿ ಬಣ್ಣ ಉಳಿದಿರಬಹುದು. ಒದ್ದೆ ಬಟ್ಟೆ ಒಂದರ ಮೇಲೊಂದು ಕೂತಾಗ ಅದು ಪಕ್ಕಕ್ಕೆ ಹರಡುತ್ತದೆ. ತೊಳೆದ ಮೇಲೆ ಬಿಳಿ ಟವೆಲ್ ಮೇಲೆ ಹರವಿ, ಟವೆಲ್ ಸಮೇತ ಸುರುಳಿ ಸುತ್ತಿ ಅಂಗೈಯಿಂದ ಒತ್ತಿ. ಕೂಡಲೇ ಬಿಚ್ಚಿ ಇನ್ನೊಂದು ಒಣ ಟವೆಲ್ ಮೇಲೆ ಚಪ್ಪಟೆಯಾಗಿ ಹಾಕಿ. ಸ್ವಲ್ಪ ತೇವ ಇರುವಾಗಲೇ ದಪ್ಪ ಟವೆಲ್ ಮೇಲೆ ಹೊಲಿಗೆ ಕೆಳಮುಖವಾಗಿ ಬರುವಂತಿಟ್ಟು ಹಿಂಬದಿಯಿಂದ ಇಸ್ತ್ರಿ ಮಾಡಿ. ಗಟ್ಟಿ ಹಲಗೆಯ ಮೇಲೆ ಒತ್ತಿದರೆ ಹೊಲಿಗೆಗಳು ಚಪ್ಪಟೆಯಾಗಿ ಹೊಳಪು ಕಳೆದುಕೊಳ್ಳುತ್ತವೆ. ಜರಿ ದಾರ ಇದ್ದಲ್ಲಿ ಶಾಖ ತೀರಾ ಕಡಿಮೆ ಇರಲಿ, ಮೇಲೊಂದು ತೆಳು ಬಟ್ಟೆಯೂ ಇರಲಿ. ಮುಖ್ಯವಾಗಿ, ಕಲೆ ಇರುವಷ್ಟು ಹೊತ್ತು ಇಸ್ತ್ರಿಪೆಟ್ಟಿಗೆ ಹತ್ತಿರ ಬರಬಾರದು. ಬಿಸಿ ತಾಗಿದ ಕಲೆ ಕೂತುಬಿಡುತ್ತದೆ. ಹೂಪ್ (ಹೊಲಿಯುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಬಳೆ) ಬಿಟ್ಟ ಕೊಳೆಯ ಉಂಗುರಕ್ಕೂ ಇದೇ ಮಾತು.

ಪ್ರಶ್ನೆ: ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಗೆರೆ ಎಳೆದಿದ್ದೆ. ಈಗ ಅವು ಕಂದು ಬಣ್ಣಕ್ಕೆ ತಿರುಗಿವೆ. ಯಾಕೆ?

ತೊಳೆಯುವ ಮೊದಲೇ ಬಿಸಿನೀರೋ ಸೋಪೋ ಇಸ್ತ್ರಿಯೋ ತಾಗಿರಬೇಕು. ಈ ಶಾಯಿಗೆ ಮೊದಲು ಬರೀ ತಣ್ಣೀರು, ಅದೂ ಧಾರಾಳವಾಗಿ. ಗೆರೆ ಮಾಯವಾದ ಮೇಲೂ ಒಂದೆರಡು ಸಲ ಜಾಲಿಸಿ, ನಂತರ ಸೋಪು. ಕಂದಾದ ಗೆರೆ ಪೂರ್ತಿ ಹೋಗುವುದು ಕಷ್ಟ. ಇನ್ನು ಇಸ್ತ್ರಿ ಶಾಖಕ್ಕೆ ಮಾಯವಾಗುವ ಪೆನ್ನುಗಳಿವೆಯಲ್ಲ, ಆ ಗೆರೆಗಳು ಕಡು ಚಳಿಯಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಉಡುಗೊರೆಗೆ ಹೊಲಿಯುವ ಬಟ್ಟೆಗೆ ಅವು ಬೇಡ. ಹತ್ತು ಚೌಕಕ್ಕೊಂದರಂತೆ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡರೆ ಯಾವ ಪೆನ್ನೂ ಬೇಕಾಗುವುದಿಲ್ಲ.

ಪ್ರಶ್ನೆ: ಹೊಲಿದ ಚೌಕಾಕಾರದ ವಿನ್ಯಾಸವನ್ನು ಹೂಪಿನಲ್ಲೇ ಗೋಡೆಗೆ ತೂಗುಹಾಕಬೇಕು. 70×70 ಹೊಲಿಗೆ, 14 ಕೌಂಟ್. ಐದಿಂಚಿನ ಹೂಪ್ ತಂದೆ, ಮೂಲೆಗಳು ಹೊರಗೆ ಉಳಿಯುತ್ತಿವೆ. ಹಿಂಬದಿಯನ್ನು ಮುಚ್ಚುವುದೂ ಗೊತ್ತಿಲ್ಲ.

70ನ್ನು 14ರಿಂದ ಭಾಗಿಸಿದರೆ 5 ಇಂಚು, ಸರಿ. ಆದರೆ ದುಂಡಗಿನ ಹೂಪಿನೊಳಗೆ ಚೌಕ ಕೂರಬೇಕಾದರೆ ಲೆಕ್ಕಕ್ಕೆ ಬರುವುದು ಬದಿಯ ಅಳತೆಯಲ್ಲ, ಮೂಲೆಯಿಂದ ಎದುರು ಮೂಲೆಯ ಅಳತೆ. ಬದಿಯನ್ನು 1.41ರಿಂದ ಗುಣಿಸಿ: ನಿಮ್ಮದು ಹತ್ತಿರಹತ್ತಿರ 7.1 ಇಂಚು. ಸುತ್ತ ಸ್ವಲ್ಪ ಖಾಲಿ ಜಾಗವೂ ಬೇಕು, ಆದ್ದರಿಂದ 8 ಇಂಚಿನ ಹೂಪ್ ತನ್ನಿ.

ಐಡಾ ಬಟ್ಟೆಯ ರಂಧ್ರಗಳಿಂದ ಹಿಂದಿನದು ಕಾಣುತ್ತದೆ. ಹಾಗಾಗಿ ಅದರ ಹಿಂದೆ ಅಷ್ಟೇ ಅಗಲದ ಬಿಳಿ ಕಾಟನ್ ಬಟ್ಟೆ ಇಟ್ಟು ಎರಡನ್ನೂ ಒಟ್ಟಿಗೆ ಹೂಪಿಗೆ ಹಾಕಿ. ಸ್ಕ್ರೂ ಅರ್ಧ ಬಿಗಿದು, ಬಟ್ಟೆಯನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಳೆಯ ನೇರಕ್ಕೇ ಎಳೆಯಿರಿ. ಓರೆಯಾಗಿ ಎಳೆದರೆ ಬಟ್ಟೆ ಹಿಗ್ಗಿ ನಿಮ್ಮ ಚೌಕ ಸೊಟ್ಟಗಾಗುತ್ತದೆ. ವಿನ್ಯಾಸದ ನಾಲ್ಕೂ ಬದಿಯ ನಡುವಿನಿಂದ ಹೂಪಿನ ಅಂಚಿಗೆ ಎಷ್ಟು ಚೌಕ ಉಳಿದಿದೆ ಎಂದು ಎಣಿಸಿ ನೋಡಿ, ಕಣ್ಣಳತೆಯನ್ನು ನಂಬಬೇಡಿ. ನಾಲ್ಕೂ ಕಡೆ ಸಮ ಬಂದ ಮೇಲಷ್ಟೇ ಸ್ಕ್ರೂ ಪೂರ್ತಿ ಬಿಗಿಯಿರಿ.

ಈಗ ಕತ್ತರಿ. ಹೂಪಿನ ಹೊರಗೆ ಸುತ್ತಲೂ ಒಂದೂವರೆ ಇಂಚು ಬಿಟ್ಟು ದುಂಡಗೆ ಕತ್ತರಿಸಿ. ಗಟ್ಟಿ ದಾರವನ್ನು ಜೋಡಿಯಾಗಿ ಪೋಣಿಸಿ, ದಪ್ಪ ಗಂಟು ಹಾಕಿ, ಕತ್ತರಿಸಿದ ಅಂಚಿನಿಂದ ಒಂದು ಸೆಂ.ಮೀ. ಒಳಗೆ ಸುತ್ತಲೂ ರನ್ನಿಂಗ್ ಸ್ಟಿಚ್ ಹಾಕಿ. ಒಂದೊಂದು ಹೊಲಿಗೆ ಒಂದು ಸೆಂ.ಮೀ. ಇರಲಿ, ತೀರಾ ಸಣ್ಣದಾದರೆ ಬಟ್ಟೆ ನೆರಿಗೆಗೆ ಬರುವುದಿಲ್ಲ. ದಾರ ಎಳೆದಾಗ ಬಟ್ಟೆ ಹಿಂದಕ್ಕೆ ಚೀಲದ ಬಾಯಿಯಂತೆ ಕೂಡಿಕೊಳ್ಳುತ್ತದೆ, ಅಲ್ಲೇ ಗಂಟು ಹಾಕಿ. ಹೂಪಿನ ಹೊರ ಅಳತೆಗಿಂತ ಸುತ್ತ 2 ಮಿ.ಮೀ. ಕಡಿಮೆ ಮಾಡಿ ಫೆಲ್ಟ್ ಬಿಲ್ಲೆ ಕತ್ತರಿಸಿ, ಅದರ ಅಂಚನ್ನು ಹಿಂಬದಿಯ ನೆರಿಗೆ ಬಟ್ಟೆಗೆ ಸುತ್ತುಹೊಲಿಗೆಯಲ್ಲಿ ಹೊಲಿಯಿರಿ.

ಬಿಸಿ ಅಂಟಿನ ಗನ್ ಬಳಸಿದರೆ ಬೇಗ ಮುಗಿಯುತ್ತದೆ ನಿಜ. ಆದರೆ ಅಂಟಿನ ಗಂಟುಗಳು ಉಬ್ಬಿ ಕಾಣುತ್ತವೆ, ಬಿಳಿ ಅಂಟು ಹಾಕಿದರೆ ನೆನೆದು ಮುಂಭಾಗಕ್ಕೂ ಬರಬಹುದು. ಮುಂದೆ ಧೂಳು ಕೂತಾಗ ಬಿಚ್ಚಿ ತೊಳೆಯುವ ದಾರಿಯೂ ಮುಚ್ಚುತ್ತದೆ. ಹೊಲಿದದ್ದನ್ನು ಯಾವಾಗ ಬೇಕಾದರೂ ಬಿಚ್ಚಬಹುದು.

ಪ್ರಶ್ನೆ: ಫ್ರೇಮ್ ಹಾಕಿಸುವ ಮೊದಲೇ ವಿನ್ಯಾಸದ ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿಬಿಟ್ಟಿದ್ದೇನೆ. ರಟ್ಟಿಗೆ ಸುತ್ತಲು ಬಟ್ಟೆ ಸಾಲುತ್ತಿಲ್ಲ.

ಉಳಿಸಿಕೊಳ್ಳಬಹುದು. 14 ಕೌಂಟಿನಲ್ಲಿ ಅರ್ಧ ಇಂಚು ಅಂದರೆ 7 ಚೌಕ. ಮೊದಲು ಅಂಚಿಗೆ ಝಿಗ್‌ಝ್ಯಾಗ್ ಹೊಲಿಗೆ ಹಾಕಿ, ಇಲ್ಲವಾದರೆ ಕೈಯಾಡಿಸುವಷ್ಟರಲ್ಲೇ ಎಳೆ ಬಿಟ್ಟು ಏಳು ಚೌಕ ಐದಾಗುತ್ತದೆ. ಎರಡೂವರೆ ಇಂಚು ಅಗಲದ ಬಿಳಿ ಕಾಟನ್ ಪಟ್ಟಿಗಳನ್ನು ಮುಖಕ್ಕೆ ಮುಖ ಇಟ್ಟು, ಐಡಾದ ಅಂಚಿನಿಂದ 3 ಚೌಕ ಒಳಗೆ ನೇರವಾಗಿ ಹೊಲಿಯಿರಿ. ಮೊದಲು ಎದುರುಬದುರಿನ ಎರಡು ಬದಿ, ಆಮೇಲೆ ಉಳಿದೆರಡು. ಹೊಲಿಗೆಯ ಒಳಬಟ್ಟೆಯನ್ನು ಪಟ್ಟಿಯ ಕಡೆಗೆ ತಿರುಗಿಸಿ ಇಸ್ತ್ರಿ ಮಾಡಿ. ಈಗ ವಿನ್ಯಾಸಕ್ಕೂ ಜೋಡಣೆಗೂ ನಡುವೆ 4 ಚೌಕ ಉಳಿದಿದೆ. ಕಿಟಕಿ ಕತ್ತರಿಸಿದ ಮೌಂಟ್ ರಟ್ಟನ್ನು ಮೇಲಿಟ್ಟು, ಆ ಕಿಟಕಿಯ ಅಂಚು ವಿನ್ಯಾಸದಿಂದ ಎರಡು ಮೂರು ಚೌಕದ ದೂರದಲ್ಲಿ ಬರುವಂತೆ ಮಾಡಿದರೆ ಜೋಡಣೆ ಪೂರ್ತಿ ಮರೆಯಾಗುತ್ತದೆ. ಆ ರಟ್ಟಿನಿಂದ ಇನ್ನೊಂದು ಲಾಭವೂ ಇದೆ: ಗಾಜು ದಾರಕ್ಕೆ ತಾಗುವುದಿಲ್ಲ. ಗಾಜು ಒತ್ತಿಕೊಂಡಿದ್ದರೆ ಒಳಗಿನ ತೇವ ಬಟ್ಟೆಗೇ ಕೂತು ಬೂಷ್ಟು ಬರಬಹುದು.

ಹಿಂದಿನ ರಟ್ಟು ಆಮ್ಲರಹಿತವಾಗಿರಲಿ. ಮಾಮೂಲಿ ಪ್ಯಾಕಿಂಗ್ ರಟ್ಟು ವರ್ಷಗಳಲ್ಲಿ ಬಟ್ಟೆಯನ್ನು ಹಳದಿ ಮಾಡುತ್ತದೆ, ಡಬಲ್ ಸೈಡ್ ಟೇಪಿನದೂ ಅದೇ ಕಥೆ. ಬಟ್ಟೆಯ ದಪ್ಪಕ್ಕೆ ಜಾಗ ಬೇಕಾದ್ದರಿಂದ ರಟ್ಟನ್ನು ಫ್ರೇಮಿನ ಒಳ ಅಳತೆಗಿಂತ 2–3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ. ಬಟ್ಟೆಯನ್ನು ಮೇಲಿಟ್ಟು ರಟ್ಟಿನ ದಪ್ಪದೊಳಕ್ಕೆ ಗುಂಡುಸೂಜಿ ಚುಚ್ಚುತ್ತಾ ಹೋಗಿ, ಪ್ರತಿ ಬದಿಯಲ್ಲೂ ನಡುವಿನಿಂದ ಮೂಲೆಯ ಕಡೆಗೆ. ಸೂಜಿಗಳ ಸಾಲು ಒಂದೇ ಎಳೆಯ ಮೇಲೆ ಬಂದರೆ ವಿನ್ಯಾಸ ನೇರ ಇದೆ ಎಂದರ್ಥ. ನಂತರ ಹಿಂದೆ ಗಟ್ಟಿ ದಾರದಿಂದ ಒಂದು ಬದಿಯಿಂದ ಎದುರು ಬದಿಗೆ ಓರೆಯೋರೆಯಾಗಿ ಎಳೆದು ಕಟ್ಟಿ, ಮೊದಲು ಉದ್ದದ ಬದಿಗಳು, ಆಮೇಲೆ ಗಿಡ್ಡ ಬದಿಗಳು. ದಾರವನ್ನು ಉಂಡೆಯಿಂದ ಕತ್ತರಿಸದೆ ಹೊಲಿಯಿರಿ, ಕೊನೆಗೆ ನಡುವಿನಿಂದ ಒಂದೊಂದೇ ಸುತ್ತನ್ನು ಬಿಗಿ ಮಾಡಿ ಗಂಟು ಹಾಕಲು ಆಗ ಅನುಕೂಲ. ಬಿಗಿದಾದ ಮೇಲೆ ಗುಂಡುಸೂಜಿ ತೆಗೆಯಿರಿ. ಮುಂದಿನ ಸಲ ಬಟ್ಟೆ ಕತ್ತರಿಸುವಾಗ ಸುತ್ತ 2 ಇಂಚು ಉಳಿಸಿ, ಇಷ್ಟೆಲ್ಲ ಪಟ್ಟಿಯ ಕೆಲಸವೇ ತಪ್ಪುತ್ತದೆ.

ಪ್ರಶ್ನೆ: ಎಂಟು ಮೂಲೆಯ ಪಿನ್ ಕುಶನ್, ಬಿಸ್ಕೋರ್ನು, ಮಾಡಲು ಕೂತೆ. ಸುತ್ತಿ ಬಂದಾಗ ಒಂದು ಬದಿಯಲ್ಲಿ ಹೊಲಿಗೆ ಮಿಗುತ್ತದೆ, ಇನ್ನೊಂದರಲ್ಲಿ ಸಾಲುವುದಿಲ್ಲ.

ಎರಡು ಸಮ ಚೌಕಗಳನ್ನು ಮೂಲೆಗೆ ಮೂಲೆ ಸೇರಿಸದೆ, ಒಂದರ ಮೂಲೆಯನ್ನು ಇನ್ನೊಂದರ ಬದಿಯ ನಡುವಿಗೆ ಸೇರಿಸುವುದೇ ಇದರ ಗುಟ್ಟು. ಆದ್ದರಿಂದ ಬದಿಯ ಹೊಲಿಗೆಗಳ ಸಂಖ್ಯೆ ಎರಡು ಸಮಭಾಗವಾಗಲೇಬೇಕು. ನಿಮ್ಮ ಬದಿಯ ಗಡಿಯಲ್ಲಿ 21 ಬ್ಯಾಕ್ ಸ್ಟಿಚ್ (ಹಿಂದಕ್ಕೆ ಚುಚ್ಚುತ್ತಾ ಎಡೆಬಿಡದೆ ಹಾಕುವ ಗೆರೆ ಹೊಲಿಗೆ) ಬಿದ್ದಿದ್ದರೆ ನಡು ಎಂಬುದು ಹೊಲಿಗೆಯ ಹೊಟ್ಟೆಗೆ ಬರುತ್ತದೆ, ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ.

ಹೀಗೆ ಮಾಡಿ. ಎರಡೂ ತುಂಡಿನಲ್ಲಿ ವಿನ್ಯಾಸದ ಹೊರಗೆ 40×40 ಚೌಕದ ಗಡಿಯನ್ನು ಎರಡೆಳೆ ದಾರದ ಬ್ಯಾಕ್ ಸ್ಟಿಚ್‌ನಲ್ಲಿ ಹಾಕಿ, ಒಂದೊಂದು ಹೊಲಿಗೆ ಎರಡು ಚೌಕ ದಾಟಲಿ. ಬದಿಗೆ 20, ಒಟ್ಟು 80. ವಿನ್ಯಾಸ ಮುಗಿಸಿದ ಮೇಲೆ ಗಡಿ ಹಾಕಿ ಆಮೇಲೆ ಎಣಿಸುವುದಲ್ಲ, ಗಡಿಯನ್ನು ಮೊದಲೇ ಎಣಿಸಿ ಹಾಕಿಕೊಂಡು ವಿನ್ಯಾಸವನ್ನು ಅದರೊಳಗೆ ಕೂರಿಸಿ. ಗಡಿಯ ಹೊರಗೆ ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ, ಮೂಲೆಗಳನ್ನು ಎರಡು ಮೂರು ಚೌಕ ಉಳಿಯುವಂತೆ ಓರೆಯಾಗಿ ಕತ್ತರಿಸಿ, ಅಂಚನ್ನು ಗಡಿಯ ಗೆರೆಗೇ ಒಳಕ್ಕೆ ಮಡಚಿ ಬೆರಳಿನಿಂದ ಗೀರಿ.

ಮೇಲಿನ ತುಂಡಿನ ಮೂಲೆಯನ್ನು ಕೆಳಗಿನ ತುಂಡಿನ ಬದಿಯಲ್ಲಿ 10 ಮತ್ತು 11ನೇ ಹೊಲಿಗೆಗಳ ನಡುವಿನ ರಂಧ್ರಕ್ಕೆ ಹಿಡಿಯಿರಿ. ತುದಿ ಮೊಂಡಾದ 24ನೇ ನಂಬರ್ ಸೂಜಿಯಲ್ಲಿ ಅದೇ ಬಣ್ಣದ ಎರಡೆಳೆ ದಾರ ಪೋಣಿಸಿ, ಮೇಲಿನ ಒಂದು ಬ್ಯಾಕ್ ಸ್ಟಿಚ್, ಕೆಳಗಿನ ಒಂದು ಬ್ಯಾಕ್ ಸ್ಟಿಚ್, ಇವೆರಡರ ಅಡಿಯಿಂದ ಸೂಜಿ ಹಾಯಿಸಿ ಎಳೆಯಿರಿ. ಸೂಜಿ ಬಟ್ಟೆಗೆ ಚುಚ್ಚಬಾರದು, ದಾರದ ಅಡಿಯಷ್ಟೇ ಹೋಗಬೇಕು. ಹೀಗೆ ಹತ್ತು ಜೋಡಿ ಆದಾಗ ಕೆಳಗಿನ ತುಂಡಿನ ಮೂಲೆ ಬರುತ್ತದೆ, ಅದು ಸರಿಯಾಗಿ ಮೇಲಿನ ಬದಿಯ ನಡುವಿಗೆ ಕೂತಿರಬೇಕು. ಕೂತಿಲ್ಲವೆಂದರೆ ಎಲ್ಲೋ ಒಂದು ಹೊಲಿಗೆ ಹಾರಿದೆ. ಅಲ್ಲೇ ಬಿಚ್ಚಿ, ಮುಂದೆ ಸರಿಹೋದೀತೆಂದು ಹೊಲಿಯುತ್ತಾ ಹೋದರೆ ಕೊನೆಯಲ್ಲಿ ನೀವು ಬರೆದಂತೆಯೇ ಆಗುತ್ತದೆ. ಮೂಲೆ ಬಂದಾಗ ಬಟ್ಟೆಯನ್ನು ಬಗ್ಗಿಸಿ ಮುಂದಿನ ಬದಿಗೆ ಹೊರಳಿಸಿ, ಅಲ್ಲಿ ದಾರ ಒಂದಿಷ್ಟು ಬಿಗಿಯಾಗಿರಲಿ. ಪ್ರತಿ ಹತ್ತು ಜೋಡಿಗೊಮ್ಮೆ ಒಂದಲ್ಲ ಒಂದು ತುಂಡಿನ ಮೂಲೆ ಬರುತ್ತದೆ, ಒಟ್ಟು ಎಂಟು.

ಕೊನೆಯ ಎಂಟು ಹೊಲಿಗೆ ಉಳಿದಾಗ ಪಾಲಿಯೆಸ್ಟರ್ ಹತ್ತಿ ತುಂಬಿ. ಚಿಟಿಕೆಯಷ್ಟೇ ತೆಗೆದು, ಪೆನ್ಸಿಲಿನ ಮೊಂಡು ತುದಿಯಿಂದ ಮೊದಲು ಮೂಲೆಗಳಿಗೆ ತಳ್ಳಿ. ಒಮ್ಮೆಗೇ ದೊಡ್ಡ ಉಂಡೆ ತುರುಕಿದರೆ ನಡುವೆ ಗಡ್ಡೆ, ಮೂಲೆಗಳು ಪೊಳ್ಳು. ಭಾರ ಬರಲೆಂದು ಧಾನ್ಯ ತುಂಬಬೇಡಿ, ಹುಳು ಬೀಳುತ್ತದೆ. ಮುಚ್ಚಿದ ಮೇಲೆ ಉದ್ದ ಸೂಜಿಯಲ್ಲಿ ಆರೂ ಎಳೆ ದಾರ ಹಾಕಿ, ಮೇಲೊಂದು ಕೆಳಗೊಂದು ಗುಂಡಿ ಇಟ್ಟು ನಡುವನ್ನು ಒಳಕ್ಕೆ ಎಳೆದು ಕಟ್ಟಿ. ಆ ಕುಳಿ ಬಿದ್ದಾಗಲೇ ಎಂಟು ಮೂಲೆಗಳೂ ಎದ್ದು ಕಾಣುವುದು. ಎರಡೆಳೆ ಇಲ್ಲಿ ಸಾಲದು, ತುಂಡಾಗುತ್ತದೆ.

ಪ್ರಶ್ನೆ: ಬುಕ್‌ಮಾರ್ಕಿನ ಅಂಚಿಗೆ ಕುಚ್ಚು ಬಿಟ್ಟಿದ್ದೆ. ದಿನದಿನಕ್ಕೂ ಎಳೆಗಳು ಬಿಚ್ಚಿಕೊಂಡು ಹೊಲಿಗೆಯವರೆಗೆ ಬಂದಿವೆ.

ತಡೆ ಹೊಲಿಗೆ ಇಲ್ಲದೆ ಎಳೆ ತೆಗೆದಿದ್ದೀರಿ. ಮುಂದಿನ ಸಲ ವಿನ್ಯಾಸದಿಂದ 4 ಚೌಕ ಬಿಟ್ಟು ಸುತ್ತಲೂ ಬಟ್ಟೆಯ ಬಣ್ಣದ ದಾರದಲ್ಲಿ ಒಂದೊಂದು ಚೌಕದ ಬ್ಯಾಕ್ ಸ್ಟಿಚ್ ಹಾಕಿ. ಯಂತ್ರವಿದ್ದರೆ ಸಣ್ಣ ನೇರ ಹೊಲಿಗೆ ಸಾಕು. ಅದರ ಹೊರಗೆ 6 ಚೌಕ ಬಿಟ್ಟು ನೇರ ಕತ್ತರಿಸಿ, ಹೊರಗಿನಿಂದ ಒಂದೊಂದೇ ಎಳೆಯನ್ನು ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ತಡೆ ಹೊಲಿಗೆ ಬಂದ ಕಡೆ ಅದು ತಾನಾಗಿ ನಿಲ್ಲುತ್ತದೆ.

ಹಿಂಬದಿಗೆ ತೆಳು ಪೇಸ್ಟಿಂಗ್ ಕ್ಯಾನ್ವಾಸ್ ಇಸ್ತ್ರಿ ಮಾಡಿ ಅಂಟಿಸಿದರೆ ಬುಕ್‌ಮಾರ್ಕ್ ಮುದುಡುವುದಿಲ್ಲ. ಆದರೆ ಅದಕ್ಕೆ ಮೊದಲು ಹಿಂದಿನ ಗಂಟುಗಳನ್ನು ತೆಗೆದು, ದಾರದ ತುದಿಗಳನ್ನು ನಾಲ್ಕೈದು ಹೊಲಿಗೆಗಳ ಅಡಿಗೆ ನುಗ್ಗಿಸಿ. ಗಂಟು ಉಳಿದರೆ ಪುಸ್ತಕದ ಹಾಳೆಯ ಮೇಲೆ ಅಚ್ಚು ಬೀಳುತ್ತದೆ. ಖಾಲಿ ಜಾಗದ ಹಿಂದೆ ಎಳೆದುಕೊಂಡು ಹೋದ ಕಪ್ಪು ದಾರವೂ ಮುಂದಿನಿಂದ ಕಾಣುತ್ತದೆ, ಅದನ್ನೂ ಬಿಡಿಸಿ.

ಪ್ರಶ್ನೆ: ಶುಭಾಶಯ ಪತ್ರದೊಳಗೆ ಅಂಟಿಸಿದಾಗ ಬಟ್ಟೆಯಲ್ಲಿ ಅಂಟು ನೆನೆದು ಕಾಗದ ಸುಕ್ಕಾಯಿತು.

ನೀರಿನ ಅಂಟು ಬೇಡ. ಪತ್ರಕ್ಕೆ ಡಬಲ್ ಸೈಡ್ ಟೇಪ್ ಸಾಕು, ಫ್ರೇಮಿನಷ್ಟು ಕಾಲ ಅದು ಬಾಳಬೇಕಾಗಿಲ್ಲ. ನಡುವಿನ ಮಡಿಕೆಯಲ್ಲಿ ಕಿಟಕಿ ಕತ್ತರಿಸಿದ ಮೂರು ಮಡಿಕೆಯ ಕಾರ್ಡ್ ಆರಿಸಿ. ಬಟ್ಟೆಯನ್ನು ಕಿಟಕಿಗಿಂತ ಸುತ್ತ ಒಂದು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಟೇಪನ್ನು ಕಿಟಕಿಯ ಅಂಚಿಗೆ ಹಚ್ಚಿ, ಮೇಲಿನಿಂದ ನೋಡುತ್ತಾ ಕಾರ್ಡನ್ನು ಬಟ್ಟೆಯ ಮೇಲೆ ಇಳಿಸಿ. ಹಿಂದೆ ಕಿಟಕಿಯಷ್ಟೇ ಅಳತೆಯ ತೆಳು ಹತ್ತಿಹಾಳೆ ಇಟ್ಟು ಮೂರನೇ ಮಡಿಕೆ ಮುಚ್ಚಿದರೆ ವಿನ್ಯಾಸ ತುಸು ಉಬ್ಬಿ ಚೆಂದ ಕಾಣುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಕ್ಯಾನ್ವಾಸ್ (ಜಾಲರಿಯಂಥ ಪ್ಲಾಸ್ಟಿಕ್ ಹಾಳೆ) ಮೇಲೆ ಹೊಲಿದ ಕೀಚೈನ್ ಕತ್ತರಿಸುವಾಗ ಅಂಚಿನ ಹೊಲಿಗೆಗಳು ಕಳಚಿದವು.

ಹೊಲಿಗೆ ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನೇ ಕತ್ತರಿಸಿದ್ದೀರಿ. ಕೊನೆಯ ಹೊಲಿಗೆಯಿಂದಾಚೆ ಒಂದು ಸಾಲು ಪೂರ್ತಿ ಖಾಲಿ ಬಿಟ್ಟು, ಅದರಾಚೆಗಿನ ರಂಧ್ರಗಳ ನಡುವೆ ಕತ್ತರಿ ಹಾಯಿಸಿ, ಮೊನಚು ತುದಿಗಳನ್ನು ಕಡ್ಡಿಯ ಮಟ್ಟಕ್ಕೆ ಸವರಿ. ಉಳಿದ ಆ ಸಾಲಿಗೆ ಫೆಲ್ಟ್ ಸೇರಿಸಿ ಸುತ್ತುಹೊಲಿಗೆ ಹಾಕಿ. ಮೂಲೆಯ ರಂಧ್ರಗಳಿಗೆ ಮೂರು ಮೂರು ಸಲ ದಾರ ಹಾಯಿಸಿದರೆ ಪ್ಲಾಸ್ಟಿಕ್ ಇಣುಕುವುದಿಲ್ಲ. ಕೀಚೈನಿನ ಉಂಗುರವನ್ನು ಒಂದೇ ರಂಧ್ರಕ್ಕೆ ಸಿಕ್ಕಿಸಬೇಡಿ, ಕಡ್ಡಿ ಮುರಿಯುತ್ತದೆ. ಪುಟ್ಟ ರಿಬ್ಬನ್ ಕುಣಿಕೆ ಮಾಡಿ, ಅದರ ತುದಿಗಳನ್ನು ಫೆಲ್ಟಿಗೂ ಕ್ಯಾನ್ವಾಸಿಗೂ ನಡುವೆ ಒಂದು ಸೆಂ.ಮೀ. ಒಳಗಿಟ್ಟು ಹೊಲಿಯಿರಿ, ಉಂಗುರವನ್ನು ಆ ಕುಣಿಕೆಗೆ ಹಾಕಿ.