ಮೆಸ್ಸಿ ಜೆರ್ಸಿ ಎಣಿಸಿ ಟರ್ಫ್ ಹಾಕಬೇಡಿ

ಚಿತ್ರದುರ್ಗದಲ್ಲಿ ಬರೀ ಫುಟ್‌ಬಾಲ್‌ಗೆ ಅಂತ ಟರ್ಫ್, ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಹುಲ್ಲಿನ ಮೈದಾನ, ಹಾಕಬೇಕು ಅಂತಿದ್ದೀರಿ. ಹುಡುಗರೆಲ್ಲ ಮೆಸ್ಸಿ, ರೊನಾಲ್ಡೊ ಅಂತಾರೆ, ಇನ್ನು ಹತ್ತು ವರ್ಷದಲ್ಲಿ ನಮ್ಮ ಕಡೆ ಫುಟ್‌ಬಾಲ್ ಕ್ರಿಕೆಟ್ಟನ್ನೂ ಕಬಡ್ಡಿಯನ್ನೂ ಹಿಂದೆ ಹಾಕುತ್ತಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು. 2023ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ನಿಮ್ಮ ಹಾಗೆ ಇನ್ನೊಬ್ಬರನ್ನು ಕೇಳುವ ಬುದ್ಧಿ ಇರಲಿಲ್ಲ. ನಾನೇ ಕೇಳಿಕೊಂಡೆ, ನಾನೇ ಉತ್ತರ ಕೊಟ್ಟುಕೊಂಡೆ, ಹೋಗಿ 28 ಲಕ್ಷ ಸುರಿದೆ.

ನನ್ನದು ದಾವಣಗೆರೆ. ಸಣ್ಣ ಸ್ಪೋರ್ಟ್ಸ್ ಅಂಗಡಿ ಇದೆ. ಬ್ಯಾಟು, ಟೆನಿಸ್ ಬಾಲು, ಕೇರಂ ಬೋರ್ಡು, ಶಾಲೆ ವಾರ್ಷಿಕೋತ್ಸವಕ್ಕೆ ಕಪ್ಪು, ಶೀಲ್ಡು. 2022ರ ಡಿಸೆಂಬರ್ 18ರ ರಾತ್ರಿ ಅರ್ಜೆಂಟೀನಾ-ಫ್ರಾನ್ಸ್ ವಿಶ್ವಕಪ್ ಫೈನಲ್ ಆಯ್ತಲ್ಲ, 3-3 ಆಗಿ ಪೆನಾಲ್ಟಿಯಲ್ಲಿ 4-2ಕ್ಕೆ ಮೆಸ್ಸಿಯ ಅರ್ಜೆಂಟೀನಾ ಗೆದ್ದಿತು, ಮರುದಿನ ನಾನು ಶಟರ್ ಎತ್ತುವ ಮುಂಚೆಯೇ ಹುಡುಗರು ಬಂದು ನಿಂತಿದ್ದರು. ಮೆಸ್ಸಿಯ ಹತ್ತನೇ ನಂಬರಿನ ಜೆರ್ಸಿ ಬೇಕಂತೆ. ಇದ್ದ ಹನ್ನೆರಡೂ ಮಧ್ಯಾಹ್ನದೊಳಗೆ ಖಾಲಿ. ತಿರುಪ್ಪೂರಿನಿಂದ ತರಿಸಿದೆ, ಅದೂ ಖಾಲಿ. ಸಂಕ್ರಾಂತಿ ಹೊತ್ತಿಗೆ ಮುನ್ನೂರು ಚಿಲ್ಲರೆ ಜೆರ್ಸಿ ಹೋಗಿತ್ತು. ಅದೇ ತಿಂಗಳಲ್ಲಿ ಬ್ಯಾಟು ಎಷ್ಟು ಹೋಯಿತು ಅಂತ ನೋಡಲೇ ಇಲ್ಲ. ಅದು ಯಾವಾಗಲೂ ಹೋಗುವ ಮಾಲು, ಯಾರು ಎಣಿಸುತ್ತಾರೆ?

ತಲೆಗೆ ಹುಳ ಹೊಕ್ಕಿದ್ದು ಅಲ್ಲಿ. ಅದು ದೊಡ್ಡದಾಗಿದ್ದು 2023ರ ಜುಲೈ 4ಕ್ಕೆ. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್‌ನ ಫೈನಲ್, ಭಾರತ-ಕುವೈತ್. ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಮೊದಲು ಕುವೈತ್ ಗೋಲ್ ಹೊಡೀತು, ನಮ್ಮ ಛಾಂಗ್ಟೆ ಸಮ ಮಾಡಿದ, ಎಕ್ಸ್‌ಟ್ರಾ ಟೈಮಿನಲ್ಲೂ ಮುಗೀಲಿಲ್ಲ, ಪೆನಾಲ್ಟಿಗೆ ಹೋಯಿತು, ಕೊನೆಗೆ ನಮ್ಮ ಗೋಲ್ ಕೀಪರ್ ಗುರ್‌ಪ್ರೀತ್ ಹಾರಿ ತಡೆದ, ಗೆದ್ದೆವು. ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡುತ್ತಿದೆ, ನನ್ನ ಕಣ್ಣಲ್ಲಿ ನೀರು. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದವನು ಮೊಬೈಲ್‌ನಲ್ಲಿ ಲೆಕ್ಕ ಶುರು ಮಾಡಿದೆ. ಮುನ್ನೂರು ಜೆರ್ಸಿ. ಅದರಲ್ಲಿ ನೂರು ಜನ ವಾರಕ್ಕೊಮ್ಮೆ ಆಡಿದರೂ ಹತ್ತು ಬುಕ್ಕಿಂಗ್. ಇದು ನನ್ನ ಒಂದೇ ಅಂಗಡಿ ಲೆಕ್ಕ, ಊರಲ್ಲಿ ಇಂಥವು ಎಷ್ಟಿವೆ? ಗಂಟೆಗೆ 900 ರೂಪಾಯಿ, ದಿನಕ್ಕೆ ಐದು ಗಂಟೆ. ಹಿರಿಯೂರು ದಾಟುವಷ್ಟರಲ್ಲಿ ನಾನು ಲಕ್ಷಾಧಿಪತಿ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಕಾಟನ್ ಮಿಲ್ಲಿನಲ್ಲಿ ದುಡಿದವರು, ಕುಸ್ತಿ ಹುಚ್ಚು. ಚಹಾ ಕುಡಿಯುತ್ತಾ ಕೇಳಿದರು, "ದುಗ್ಗಮ್ಮನ ಜಾತ್ರಿ ಕುಸ್ತಿಗೆ ಎಷ್ಟು ಸಾವಿರ ಮಂದಿ ಕೂಡ್ತಾರೆ ನೋಡಿಯಲ್ಲ. ಅದ್ರಾಗೆ ಲಂಗೋಟಿ ಕಟ್ಟೋರು ಎಷ್ಟು ಮಂದಿ ಹೇಳಲೇ?" ನನಗೆ ಸಿಟ್ಟು ಬಂತು. ಇವರಿಗೇನು ಗೊತ್ತು ಈಗಿನ ಕಾಲ ಅಂದುಕೊಂಡೆ.

ಈಗ ತಪ್ಪಿನ ವಿಷಯ. ಜಾಗದ ಲೀಸು ಜಾಸ್ತಿ ಆಯಿತು, ಲೈಟಿಗೆ ಕಂಬ ಎರಡು ಸಲ ಬದಲಾಯಿಸಿದೆ, ಅವೆಲ್ಲ ಸಣ್ಣವು, ಬಿಡಿ. ನನ್ನನ್ನು ಮುಳುಗಿಸಿದ ತಪ್ಪು ಒಂದೇ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಟರ್ಫ್‌ನಲ್ಲಿ ಕ್ರಿಕೆಟ್ ಆಡೋಕೆ ಆಗದ ಹಾಗೆ ಕಟ್ಟಿಸಿದೆ. ಬೇಕು ಅಂತಲೇ.

ಹುಲ್ಲು ಹಾಕುವವನು ಕೇಳಿದ್ದ, ಎಷ್ಟು ಎಂಎಂ ಹಾಕಲಿ ಅಂತ. ಫುಟ್‌ಬಾಲ್‌ಗೆ 50 ಎಂಎಂ ಒಳ್ಳೆಯದು, ಉದ್ದ ಹುಲ್ಲು, ಸಂದಿಗೆ ಮರಳು ಮತ್ತು ಕಪ್ಪು ರಬ್ಬರ್ ಕಾಳು ತುಂಬುತ್ತಾರೆ, ಬಿದ್ದರೆ ಮೊಣಕಾಲು ಉಳಿಯುತ್ತೆ, ಶೂ ಹಿಡಿತ ಸಿಗುತ್ತೆ. ಆದರೆ ಅದರ ಮೇಲೆ ಟೆನಿಸ್ ಬಾಲ್ ಹಾಕಿ ನೋಡಿ. ಥಪ್ ಅಂತ ಕೂತುಬಿಡುತ್ತೆ, ಹಸಿ ರಾಗಿ ಮುದ್ದೆ ಮೇಲೆ ಬಿದ್ದ ಹಾಗೆ. ಗಿಡ್ಡ ಹುಲ್ಲು ಹಾಕಿಸಿದ್ದರೆ ಎರಡೂ ನಡೆಯುತ್ತಿತ್ತು. ಅವನು ಹೇಳಿದ್ದ. "ಅಣ್ಣಾ, ಎರಡಕ್ಕೂ ಆಗೋ ಹಾಗೆ ಮಾಡಿಸ್ರಿ." ನಾನು ಬೇಡ ಅಂದೆ. ಇದು ಫುಟ್‌ಬಾಲ್ ಟರ್ಫ್ ಅಂದೆ. ಸುತ್ತ 20 ಅಡಿ ಕಂಬ, ಪಕ್ಕಕ್ಕೆ ಮಾತ್ರ ನೆಟ್, ಮೇಲೆ ಖಾಲಿ ಆಕಾಶ. ಗೇಟಿಗೆ ಬೋರ್ಡು ಬರೆಸಿದೆ: ಇಲ್ಲಿ ಕ್ರಿಕೆಟ್ ಆಡುವಂತಿಲ್ಲ.

ಶುರುವಾದ ಮೂರನೇ ವಾರ ರಾತ್ರಿ ಒಂಬತ್ತಕ್ಕೆ ಹನ್ನೊಂದು ಹುಡುಗರು ಬಂದರು, ಕೈಯಲ್ಲಿ ಎರಡು ಬ್ಯಾಟು. ಎರಡು ಗಂಟೆಗೆ ದುಡ್ಡು ಮುಂಗಡ ಕೊಡ್ತೀವಿ ಅಂದರು. ಅವತ್ತು ಟರ್ಫ್ ಪೂರ್ತಿ ಖಾಲಿ. ಆರು ಲೈಟು ಉರಿಯುತ್ತಿವೆ, ಹುಳ ಹಾರುತ್ತಿವೆ. ನಾನು ಬೋರ್ಡು ತೋರಿಸಿದೆ. ಆ ಹುಡುಗರಲ್ಲಿ ಇಬ್ಬರು ಹಾಕಿಕೊಂಡಿದ್ದು ಏನು ಗೊತ್ತಾ? ನನ್ನ ಅಂಗಡಿಯ ಅರ್ಜೆಂಟೀನಾ ಜೆರ್ಸಿ.

ಆರು ತಿಂಗಳು ಆದಮೇಲೆ ಸೊಕ್ಕು ಇಳಿಯಿತು. ಬೋರ್ಡು ತೆಗೆದೆ, ನಡುವೆ ಒಂದು ಮ್ಯಾಟ್ ಹಾಸಿ ಆಡಲಿ ಅಂದೆ. ಉದ್ದ ಹುಲ್ಲಿನ ಮೇಲೆ ಮ್ಯಾಟ್ ನಿಲ್ಲುವುದಿಲ್ಲ, ಸುಕ್ಕಾಗುತ್ತೆ, ಎರಡನೇ ದಿನ ಬೌಲರ್ ಒಬ್ಬ ಎಡವಿ ಬಿದ್ದ. ಮೂರನೇ ದಿನ ಹಿಂದಿನ ಮನೆಯ ನೀರಿನ ಟ್ಯಾಂಕಿಗೆ ಸಿಕ್ಸರ್ ಬಿತ್ತು. ಸರಿ, ಮೇಲೆ ನೆಟ್ ಕಟ್ಟಿಸೋಣ ಅಂದರೆ ಅಲ್ಲೂ ಗ್ರಹಚಾರ. ಮೇಲಿನ ನೆಟ್‌ಗೆ ಸ್ಟೀಲ್ ವೈರ್ ಬಿಗಿಯಾಗಿ ಎಳೆಯಬೇಕು, ಆ ಎಳೆತಕ್ಕೆ ಕಂಬ ಒಳಗೆ ವಾಲುತ್ತೆ. ನನ್ನ ಕಂಬಗಳ ಬುಡ ಬರೀ ಪಕ್ಕದ ನೆಟ್ ತೂಕಕ್ಕೆ ಅಂತ ಮೂರು ಅಡಿ ಮಾತ್ರ ತೆಗೆದು ಕಾಂಕ್ರೀಟ್ ಹಾಕಿದ್ದು. ಎಲ್ಲ ಕಿತ್ತು, ಐದಡಿ ಗುಂಡಿ ತೋಡಿ, 30 ಅಡಿ ಕಂಬ ಹೊಸದಾಗಿ ನಿಲ್ಲಿಸಿ, ಹುಲ್ಲು ಸುತ್ತಿ ತೆಗೆದು ಗಿಡ್ಡದು ಹಾಸಿ, ಮತ್ತೆ 9 ಲಕ್ಷ. ಮೊದಲೇ ಮಾಡಿದ್ದರೆ ಹೆಚ್ಚಿಗೆ ಆಗುತ್ತಿದ್ದದ್ದು ಎರಡು ಲಕ್ಷವೂ ಅಲ್ಲ. ಹೆಂಡತಿಯ ಬಳೆ ಇನ್ನೂ ಬ್ಯಾಂಕಿನಲ್ಲೇ ಇವೆ, ಅದನ್ನು ಇಲ್ಲಿ ಬರೆದಿದ್ದು ಅವಳಿಗೆ ಗೊತ್ತಾಗದಿರಲಿ.

ಸೂಚನೆ ಇರಲಿಲ್ಲವಾ ಅಂದರೆ ಕಣ್ಣ ಮುಂದೆಯೇ ಇತ್ತು. 2023ರ ಮಾರ್ಚ್‌ನಲ್ಲಿ, ಅಂದರೆ ನಾನು ಜೆರ್ಸಿ ಮಾರುತ್ತಿದ್ದ ಕಾಲದಲ್ಲೇ, ನಮ್ಮ ಕರ್ನಾಟಕ ತಂಡ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ. ಫೈನಲ್ ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಅದಕ್ಕೂ ಮುಂಚೆ ಗೆದ್ದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರು! ಅಂಗಡಿಗೆ ಬಂದ ಒಬ್ಬ ಹುಡುಗನೂ ಆ ಜೆರ್ಸಿ ಕೇಳಲಿಲ್ಲ. ಕೇಳುವುದಿರಲಿ, ಗೆದ್ದಿದ್ದೇ ಯಾರಿಗೂ ಗೊತ್ತಿರಲಿಲ್ಲ. ನನಗೂ ಪೇಪರ್‌ನಲ್ಲಿ ಓದಿದ್ದು ಸಂಜೆಯೊಳಗೆ ಮರೆತಿತ್ತು. 2018ರಲ್ಲಿ ಆಗಿನ ಭಾರತ ಫುಟ್‌ಬಾಲ್ ತಂಡದ ನಾಯಕ ಸುನಿಲ್ ಛೆತ್ರಿ ವಿಡಿಯೊ ಮಾಡಿ, ಬೈಯ್ಯಿರಿ, ಟೀಕೆ ಮಾಡಿ, ಆದರೆ ಬಂದು ನೋಡಿ ಅಂತ ಬೇಡಿಕೊಂಡಿದ್ದು ನೆನಪಿದೆಯಾ? ಅದಕ್ಕೆ ಮುಂಚೆ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆ ಮೇಲೆ 5-0 ಗೆದ್ದು, ಛೆತ್ರಿಯೇ ಹ್ಯಾಟ್ರಿಕ್ ಹೊಡೆದರೂ ನೋಡೋಕೆ ಬಂದವರು ಎರಡೂವರೆ ಸಾವಿರದಷ್ಟು ಜನ. ವಿಡಿಯೊ ಆದಮೇಲೆ ಕೀನ್ಯಾ ಮ್ಯಾಚಿಗೆ ಟಿಕೆಟ್ಟೇ ಸಿಗಲಿಲ್ಲ. ಅಂದರೆ ಜನ ಇದ್ದರು, ಮನೆಯಲ್ಲಿ ಕೂತು ಯುರೋಪಿನ ಕ್ಲಬ್ ನೋಡುತ್ತಿದ್ದರು. ನಮ್ಮ ಹುಡುಗರೂ ಅಷ್ಟೇ. ರಾತ್ರಿ ಒಂದೂವರೆಗೆ ಎದ್ದು ಚಾಂಪಿಯನ್ಸ್ ಲೀಗ್ ನೋಡುವವನು ಬೆಳಿಗ್ಗೆ ಆರಕ್ಕೆ ಆಡೋಕೆ ಹೇಗೆ ಬರುತ್ತಾನೆ ಹೇಳಿ?

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಫುಟ್‌ಬಾಲ್ ಹೊಸದಾಗಿ ಬೆಳೆಯುತ್ತಿರುವ ಆಟ, ಕ್ರಿಕೆಟ್ ಹಳೆಯ ಯಜಮಾನ ಅಂತ ಹಿಡಿದುಕೊಂಡಿದ್ದೀರಿ. ನಮ್ಮ ದೇಶದ ಡ್ಯುರಾಂಡ್ ಕಪ್ ಫುಟ್‌ಬಾಲ್ ಟೂರ್ನಿ ಶುರುವಾಗಿದ್ದು 1888ರಲ್ಲಿ. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಾವು 1951ರಲ್ಲೂ 1962ರಲ್ಲೂ ಚಿನ್ನ ಗೆದ್ದಿದ್ದೇವೆ, ಆಗ ಕ್ರಿಕೆಟ್‌ನಲ್ಲಿ ವಿಶ್ವಕಪ್ ಅನ್ನೋದೇ ಇರಲಿಲ್ಲ. ಬೆಳೆದಿದ್ದು ಟಿವಿ, ಮೊಬೈಲು, ಜೆರ್ಸಿ ವ್ಯಾಪಾರ. ಆಟ ಇದ್ದ ಕಡೆ ಮೊದಲಿಂದಲೂ ಇತ್ತು: ಕೋಲ್ಕತ್ತ, ಗೋವಾ, ಕೇರಳ, ಮಣಿಪುರ. ಬೆಂಗಳೂರಿನಲ್ಲೇ ಹಲಸೂರು ಪಕ್ಕದ ಗೌತಮಪುರಕ್ಕೆ ಹೋಗಿ, ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ, ಅಲ್ಲಿ ಅಪ್ಪ ಆಡಿದ್ದನ್ನು ನೋಡಿ ಮಗ ಆಡುತ್ತಾನೆ. ನಮ್ಮೂರಲ್ಲಿ ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿ ನಡೆದರೆ ಕಾಲಿಡೋಕೆ ಜಾಗ ಇರಲ್ಲ, ಮಂಡಕ್ಕಿ ಮಿರ್ಚಿ ಗಾಡಿಯವರಿಗೆ ಅದೇ ಹಬ್ಬ. ಕ್ರಿಕೆಟ್ ಆಡೋ ಹುಡುಗನಿಗೆ ವಿನಯ್ ಕುಮಾರ್ ಇದ್ದಾರೆ, ದಾವಣಗೆರೆ ಎಕ್ಸ್‌ಪ್ರೆಸ್, ಇದೇ ಊರಲ್ಲಿ ಹುಟ್ಟಿ ಕರ್ನಾಟಕಕ್ಕೆ 2013-14, 2014-15 ಎರಡು ಸಲ ರಣಜಿ ಗೆದ್ದುಕೊಟ್ಟ ನಾಯಕ. ಫುಟ್‌ಬಾಲ್ ಆಡೋ ಹುಡುಗನನ್ನು ಯಾರ ಥರ ಆಗ್ತೀಯಪ್ಪಾ ಅಂದರೆ ಹದಿನೈದು ಸಾವಿರ ಕಿಲೋಮೀಟರ್ ಆಚೆ ಹುಟ್ಟಿದವನ ಹೆಸರು ಹೇಳುತ್ತಾನೆ. ಪಾಪ, ಅವನ ತಪ್ಪಲ್ಲ.

ಕಬಡ್ಡಿ ಬಗ್ಗೆ ಕೇಳಿದ್ದೀರಿ. ಪ್ರೊ ಕಬಡ್ಡಿ, ಫುಟ್‌ಬಾಲ್‌ನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಎರಡೂ ಹುಟ್ಟಿದ್ದು 2014ರಲ್ಲೇ. ಆದರೆ ಕಬಡ್ಡಿಗೆ ಸುಣ್ಣದ ಗೆರೆ ಹಾಕಿದರೆ ಸಾಕು, ಟಿವಿಗೆ ಬರೋ ಮುಂಚೆಯೇ ಹಳ್ಳಿಯಲ್ಲಿತ್ತು, ಟಿವಿ ಹೋದರೂ ಇರುತ್ತೆ. ಅದರಿಂದ ಟರ್ಫ್‌ನವನಿಗೆ ಒಂದು ರೂಪಾಯಿ ಹುಟ್ಟಲ್ಲ, ಹಾಗಾಗಿ ನಿಮ್ಮ ಲೆಕ್ಕಕ್ಕೆ ಅದು ಬೇಕಿಲ್ಲ.

ಹಾಗಾದರೆ ನನ್ನ ಟರ್ಫ್‌ಗೆ ಫುಟ್‌ಬಾಲ್ ಆಡೋಕೆ ಬಂದವರು ಯಾರು? ಹಾಸ್ಟೆಲ್ ಹುಡುಗರು. ಮೆಡಿಕಲ್, ಇಂಜಿನಿಯರಿಂಗ್ ಓದೋಕೆ ಕೇರಳದಿಂದ, ಈಶಾನ್ಯದಿಂದ ಬಂದವರು. ಶನಿವಾರ ರಾತ್ರಿ ಬಂದರೆ ಹನ್ನೆರಡರವರೆಗೂ ಬಿಡಲ್ಲ, ಬರಿಗಾಲಲ್ಲಿ ಆಡಿದರೂ ನಮ್ಮವರಿಗಿಂತ ಚೆನ್ನಾಗಿ ಪಾಸ್ ಕೊಡ್ತಾರೆ. ಆದರೆ ಪರೀಕ್ಷೆ ಬಂತು ಅಂದರೆ ಮಾಯ. ನನ್ನ ಬುಕ್ಕಿಂಗ್ ಪುಸ್ತಕ ನೋಡಿದರೆ ಸಾಕು, ಕಾಲೇಜಿನ ಟೈಮ್‌ಟೇಬಲ್ ಗೊತ್ತಾಗುತ್ತಿತ್ತು. ದುರ್ಗದಲ್ಲಿ ಅಂಥ ಹಾಸ್ಟೆಲ್ ಹುಡುಗರು ಎಷ್ಟಿದ್ದಾರೆ, ಮೊದಲು ಅದನ್ನು ನೋಡಿ. ಐಎಸ್‌ಎಲ್ ಟಿಆರ್‌ಪಿ ಆಮೇಲೆ ನೋಡುವಿರಂತೆ.

ಈಗ ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಬಾಕ್ಸ್ ಕ್ರಿಕೆಟ್, ಅಂದರೆ ಸುತ್ತಲೂ ಮೇಲೂ ನೆಟ್ ಇರೋ ಸಣ್ಣ ಜಾಗದ ಕ್ರಿಕೆಟ್. ಅದೇ ಲೀಸು ಕಟ್ಟುತ್ತೆ, ಕರೆಂಟ್ ಬಿಲ್ ಕಟ್ಟುತ್ತೆ. ಆರ್‌ಸಿಬಿ 2025ರಲ್ಲಿ ಕಪ್ ಗೆದ್ದ ವಾರ ಬೆಳಗಿನ ಜಾವ ಮೂರಕ್ಕೂ ಬುಕ್ಕಿಂಗ್ ಕೇಳಿದರು. ಫುಟ್‌ಬಾಲ್ ಬಿಟ್ಟಿಲ್ಲ ನಾನು. ಬೆಳಿಗ್ಗೆ ಆರಕ್ಕೆ ಮಕ್ಕಳ ಬ್ಯಾಚ್ ಇದೆ, ಹದಿನಾಲ್ಕು ಮಕ್ಕಳು, ಅದರಲ್ಲಿ ಐದು ಹೆಣ್ಣುಮಕ್ಕಳು. ಅವರಲ್ಲೊಬ್ಬ ಹುಡುಗ ಮಂಡಕ್ಕಿ ಭಟ್ಟಿ ಕಡೆಯಿಂದ ಸೈಕಲ್ ತುಳಿದುಕೊಂಡು ಬರ್ತಾನೆ. ನನ್ನ ಅಂಗಡಿಯದೇ ಜೆರ್ಸಿ, 2022ರದ್ದು, ಅವನ ಅಣ್ಣನದು. ತೊಳೆದು ತೊಳೆದು ಬೆನ್ನ ಮೇಲಿನ ಹತ್ತರಲ್ಲಿ ಸೊನ್ನೆ ಉದುರಿ ಹೋಗಿದೆ, ಬರೀ ಒಂದು ಉಳಿದಿದೆ. ಹೊಸದು ಕೊಡ್ತೀನಿ ಬಾ ಅಂದರೆ, "ಬ್ಯಾಡಣ್ಣ, ಈಗ ನಾನು ಗೋಲಿ" ಅಂತಾನೆ. ಒಂದನೇ ನಂಬರ್ ಗೋಲ್ ಕೀಪರ್‌ದು ಅಲ್ವಾ! ಮುನ್ನೂರು ಜೆರ್ಸಿ ಮಾರಿದ್ದರಲ್ಲಿ ಫುಟ್‌ಬಾಲ್ ಆಡೋಕೆ ಅಂತ ಮೈದಾನಕ್ಕೆ ಬಂದಿದ್ದನ್ನು ನಾನು ಕಣ್ಣಾರೆ ಕಂಡ ಜೆರ್ಸಿ ಅದೊಂದೇ.

ಹಾಗಾಗಿ ಬರೀ ಫುಟ್‌ಬಾಲ್ ಟರ್ಫ್ ಹಾಕಬೇಡಿ. ಯಾವ ಟೀವಿಯವರು ಏನೇ ಹೇಳಲಿ. ನಿಮಗೆ ಫುಟ್‌ಬಾಲ್ ಮೇಲೆ ಪ್ರೀತಿ ಇದ್ದರೆ, ನಿಮ್ಮೂರಿನ ಯಾವುದಾದರೂ ಶಾಲೆ ಮೈದಾನ ಬೆಳಿಗ್ಗೆ ಒಂದು ಗಂಟೆ ಕೇಳಿಕೊಳ್ಳಿ, ಹತ್ತು ಬಾಲು, ಇಪ್ಪತ್ತು ಕೋನ್ ತೊಗೊಳ್ಳಿ, ಒಳ್ಳೆಯ ಕೋಚ್ ಒಬ್ಬರನ್ನು ಹಿಡಿಯಿರಿ. ಒಂದು ವರ್ಷ ನಡೆಸಿ. ಮಳೆಗಾಲದಲ್ಲೂ ಎಷ್ಟು ಮಕ್ಕಳು ಉಳಿಯುತ್ತಾರೆ ನೋಡಿ, ಆಮೇಲೆ ಹುಲ್ಲಿನ ಮಾತು. ಟರ್ಫೇ ಹಾಕ್ತೀನಿ ಅಂತ ಹಟ ಇದ್ದರೆ ಗಿಡ್ಡ ಹುಲ್ಲು ಹಾಕಿಸಿ, ಕಂಬದ ಬುಡ ಆಳವಾಗಿ ತೆಗೆಸಿ, ಮೇಲಿನ ನೆಟ್ ಮೊದಲ ದಿನವೇ ಕಟ್ಟಿಸಿ. ಕ್ರಿಕೆಟ್ ಬಂದರೆ ನನ್ನ ಟರ್ಫ್‌ನ ಮರ್ಯಾದೆ ಹೋಗುತ್ತೆ ಅನ್ನೋ ಹುಚ್ಚು ಬೇಡ.

ದುರ್ಗದಿಂದ ಬಸ್ಸಿಗೆ ಒಂದೂವರೆ ಗಂಟೆ, ಅಷ್ಟೇ. ಒಂದು ಶನಿವಾರ ಸಂಜೆ ಬಂದುಬಿಡಿ, ಗೇಟ್ ಹತ್ತಿರ ಕುರ್ಚಿ ಹಾಕಿಕೊಡ್ತೀನಿ, ಯಾರ್ಯಾರು ಏನೇನು ಆಡೋಕೆ ಬರ್ತಾರೆ ನೀವೇ ಎಣಿಸಿ. ಬರುವಾಗ ಟೆಂಪೊ ತಂದರೂ ಆಗುತ್ತೆ. ಕಿತ್ತು ಹಾಕಿದ 50 ಎಂಎಂ ಹುಲ್ಲಿನ ಏಳು ರೋಲ್ ಗೋಡೌನ್‌ನಲ್ಲಿ ಬಿದ್ದಿವೆ, ಎಂಟನೆಯದನ್ನು ಅಪ್ಪ ತಾರಸಿ ಮೇಲೆ ಹಾಸಿಕೊಂಡು ದಿನಾ ಬೈಠಕ್ ಹೊಡೀತಾರೆ.